ತಾರೀಖು ನೋಡಿ ಆರಿಸಿಕೊಂಡ ಕೆಲಸ

ಈ ತಿಂಗಳು 34 ಅಂಗಡಿಗಳ ಜಿಎಸ್‌ಟಿ ರಿಟರ್ನ್ ನಮ್ಮ ಮನೆಯ ನಡುಮನೆಯಿಂದ ಹೋಯಿತು, ಅದೂ 18ನೆಯ ತಾರೀಖಿಗೇ. ಎರಡು ಮಕ್ಕಳನ್ನು ಮಗ್ಗುಲಲ್ಲಿ ಇಟ್ಟುಕೊಂಡು ಜಿಎಸ್‌ಟಿ ಮಾಡುವುದು ಆಗುವ ಮಾತಲ್ಲ ಎಂದವರಲ್ಲಿ ನನ್ನ ಅಣ್ಣನಿದ್ದ, ನಾದಿನಿಯಿದ್ದಳು, ಮದುವೆಗೆ ಮೊದಲು ಆರು ವರ್ಷ ನಾನು ಕೈಕೆಳಗೆ ದುಡಿದ ಆಡಿಟರ್ ಸರ್ ಕೂಡ ಇದ್ದರು. "ದಾವಣಗೆರೆಯ ವ್ಯಾಪಾರಸ್ಥರು ಬಿಲ್ಲು ಹೊತ್ತುಕೊಂಡು ನಿಮ್ಮ ಮನೆ ಹುಡುಕಿಕೊಂಡು ಬರುತ್ತಾರೇನಮ್ಮಾ?" ಎಂದು ಅವರು ನಕ್ಕಿದ್ದರು. ಬರುತ್ತಾರೆ ಸರ್. ಈಗ ಮಂಡಿಪೇಟೆಯಿಂದಲೂ ಬರುತ್ತಾರೆ.

ಬಿ.ಕಾಂ. ಮಾಡಿ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಕಲಿತು, ಮಗುವಾದ ಮೇಲೆ ಮನೆಯಲ್ಲಿ ಕುಳಿತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ರಿಟರ್ನ್ ತುಂಬುವುದು ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಮೊದಲು ಹಾಳು ಮಾಡಿಕೊಂಡ ದುಡ್ಡಿನ ಕಥೆ. ತಾಯಂದಿರಿಗೆ ಶಾಲೆಯ ಕೆಲಸವೇ ಸರಿ ಎಂದು ಊರೆಲ್ಲ ಹೇಳುತ್ತದೆ. 2021ರಲ್ಲಿ ಶಾಲೆಗಳು ಮತ್ತೆ ತೆರೆದಾಗ ಒಂದು ಖಾಸಗಿ ಶಾಲೆ ಸೇರಿದೆ. ಸಂಬಳ 8,500. ಮಗನಿಗೆ ಆಗ ಒಂದೂವರೆ ವರ್ಷ. ಅವನನ್ನು ನೋಡಿಕೊಳ್ಳುವಾಕೆಗೆ 3,000, ಆಟೋಗೆ 1,400. ಮಗನಿಗೆ ಐದು ದಿನ ಜ್ವರ ಬಂದ ತಿಂಗಳು ರಜೆಯ ಸಂಬಳ ಕತ್ತರಿಸಿ, ಉಳಿದದ್ದು ಸುಮಾರು 2,700. ಅದರಲ್ಲೇ ವಾರ್ಷಿಕೋತ್ಸವಕ್ಕೆ ಎಲ್ಲ ಟೀಚರ್‌ಗಳೂ ಒಂದೇ ಬಣ್ಣದ ಸೀರೆ ಕೊಳ್ಳಬೇಕೆಂಬ ಆಜ್ಞೆ. ಶಾಲೆಗೂ ನನ್ನ ಮಕ್ಕಳಿಗೂ ರಜೆ ಒಂದೇ ದಿನ ಬರುತ್ತಿತ್ತು, ನಿಜ. ಆದರೆ ಮಕ್ಕಳ ಜ್ವರ ಶಾಲೆಯ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಬಿಟ್ಟು ಎದ್ದು ಬರಲು ಆಗುವುದಿಲ್ಲ.

ಆಮೇಲೆ ಮನೆಪಾಠ. ಸಂಜೆ ಐದರಿಂದ ಏಳೂವರೆ, ಅಂದರೆ ನನ್ನ ಮಕ್ಕಳು ಹಸಿದು ನನ್ನ ಸೆರಗು ಎಳೆಯುವ ಹೊತ್ತು. ಊರಿನ ಮಕ್ಕಳಿಗೆ ಮಗ್ಗಿ ಬಂತು, ನನ್ನ ಮಗಳಿಗೆ ಬರಲಿಲ್ಲ. ಅದಾದ ಮೇಲೆ ಶೇಂಗಾ ಚಟ್ನಿ ಪುಡಿ. ಆಹಾರ ಸುರಕ್ಷತಾ ನೋಂದಣಿಗೆ ಆಗ ವರ್ಷಕ್ಕೆ 100 ರೂಪಾಯಿ, ಅದೊಂದೇ ಆ ವ್ಯವಹಾರದಲ್ಲಿ ಅಗ್ಗವಾಗಿದ್ದದ್ದು. 14,000 ಹಾಕಿದೆ, ತಿರುಗಿ ಬಂದದ್ದು 9,000 ಇರಬೇಕು. ಅಂಗಡಿಯವರು ಮಾಲು ಖಾಲಿಯಾದ ಮೇಲೂ ತಿಂಗಳೊಪ್ಪತ್ತು ದುಡ್ಡು ಕೊಡುವುದಿಲ್ಲ, ಆಷಾಢದಲ್ಲಿ ಪುಡಿ ಮುದ್ದೆಯಾಯಿತು, ರಾತ್ರಿ ಮಿಕ್ಸಿ ಹಾಕಿದರೆ ಮಗ ಏಳುತ್ತಿದ್ದ. ಇವತ್ತಿಗೂ ನಮ್ಮ ಅಟ್ಟದ ಮೇಲೆ ಮುನ್ನೂರು ಖಾಲಿ ಡಬ್ಬಿಗಳಿವೆ.

ಅಷ್ಟು ಹೊತ್ತಿಗೆ ಒಂದು ಮಾತು ತಲೆಗೆ ಹೋಗಿತ್ತು. ನಾನು ಕಡಿಮೆ ಗಂಟೆಯ ಕೆಲಸ ಹುಡುಕುತ್ತಿದ್ದೆ, ತಪ್ಪು ಅಲ್ಲೇ ಇತ್ತು. ಯಾವತ್ತು ಅವಸರ ಬೀಳುತ್ತದೆಂದು ಮೊದಲೇ ಗೊತ್ತಿರುವ ಕೆಲಸ ಬೇಕಿತ್ತು. ಮಾರಾಟದ ಬಿಲ್ಲು ತೋರಿಸುವ ಜಿಎಸ್‌ಟಿಆರ್-1ಕ್ಕೆ ಕೊನೆಯ ದಿನ 11, ತೆರಿಗೆ ಲೆಕ್ಕ ಮುಗಿಸಿ ಕಟ್ಟುವ 3ಬಿಗೆ 20. ನಡುವೆ 14ಕ್ಕೆ 2ಬಿ, ಅಂದರೆ ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆಯಲ್ಲಿ ಎಷ್ಟು ಕ್ರೆಡಿಟ್ ಸಿಗುತ್ತದೆಂಬ ಪಟ್ಟಿ ಬರುತ್ತದೆ. ಇದಕ್ಕಿಂತ ಶಿಸ್ತಿನ ಗಡಿಯಾರ ಎಲ್ಲಿ ಸಿಕ್ಕೀತು? 5ರಿಂದ 9ರವರೆಗೆ ದುಡಿಮೆ, 15ರಿಂದ 18ರವರೆಗೆ ಮತ್ತೆ ದುಡಿಮೆ. ಉಳಿದ ದಿನಗಳಲ್ಲಿ ಬಿಲ್ಲುಗಳನ್ನು ಟ್ಯಾಲಿಗೆ ಏರಿಸುವುದು ಮಾತ್ರ. ಅದನ್ನು ರಾತ್ರಿ ಹತ್ತಕ್ಕೂ ಮಾಡಬಹುದು, ಬೆಳಗ್ಗೆ ಐದಕ್ಕೂ ಮಾಡಬಹುದು, ಬಿಟ್ಟರೂ ಆಕಾಶ ಬೀಳದು. ಲಸಿಕೆ, ಹುಟ್ಟುಹಬ್ಬ, ತವರಿನ ಜಾತ್ರೆ ಎಲ್ಲ 21ರ ಮೇಲೆ.

2023ರ ಜನವರಿಯಲ್ಲಿ ಶುರು ಮಾಡಿದೆ. ಹಳೆಯ ಲ್ಯಾಪ್‌ಟಾಪ್ 19,000, ಟ್ಯಾಲಿಗೆ ತೆರಿಗೆ ಸೇರಿ ಇಪ್ಪತ್ತು ಸಾವಿರದ ಮೇಲೆ. ಒಂದು ಜೊತೆ ಬಳೆ ಅಡವಿಟ್ಟೆ. ಮೊದಲ ಮೂರು ತಿಂಗಳು ನಾಲ್ಕೇ ಅಂಗಡಿ, ತಲಾ 400 ರೂಪಾಯಿ. ಅತ್ತೆಯವರು ದಿನಾ ಬಳೆ ನೆನಪು ಮಾಡುತ್ತಿದ್ದರು. ಬೇರೆಯವರ ಪರವಾಗಿ ರಿಟರ್ನ್ ಹಾಕುವ ಜಿಎಸ್‌ಟಿ ಪ್ರಾಕ್ಟೀಷನರ್ ಎಂದು ನೋಂದಣಿ ಮಾಡಿಸಿ ಪರೀಕ್ಷೆಗೆ ಕುಳಿತೆ. ನೂರಕ್ಕೆ ಐವತ್ತು ಸಾಕಾಗುವ ಆ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದೆ, ಎರಡನೆಯ ಸಲ ಪಾಸಾದೆ. ಹಿಂದಿನ ರಾತ್ರಿ ಮಗ ನಿದ್ದೆ ಮಾಡಿದ್ದ, ಅಷ್ಟೇ ವ್ಯತ್ಯಾಸ.

ಎಡವಿದ್ದು ಬೇಕಾದಷ್ಟಿದೆ. ಚಿತ್ರದುರ್ಗದಲ್ಲೊಂದು, ಇಲ್ಲೊಂದು ಒಂದೇ ಹೆಸರಿನ ಎರಡು ಅಂಗಡಿಗಳಿದ್ದವು. ಮಗನಿಗೆ ತುತ್ತು ಕೊಡುತ್ತಾ ಒಬ್ಬರ ಬಿಲ್ಲನ್ನು ಇನ್ನೊಬ್ಬರ ಜಿಎಸ್‌ಟಿ ನಂಬರಿಗೆ ಏರಿಸಿಬಿಟ್ಟೆ. ಕೊಂಡವರ 2ಬಿಯಲ್ಲಿ ಹನ್ನೊಂದು ಸಾವಿರದಷ್ಟು ಕ್ರೆಡಿಟ್ ಕಾಣಿಸಲಿಲ್ಲ. ಮುಂದಿನ ತಿಂಗಳು ತಿದ್ದಿದೆ, ಆದರೂ ಆ ಬಿಲ್ಲಿನ ಸಾಹುಕಾರರು ತಮ್ಮ ಲೆಕ್ಕದ ಪುಸ್ತಕ ವಾಪಸು ಒಯ್ದರು. ಆವತ್ತಿನಿಂದ ಊಟ ಮಾಡಿಸುವ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಮುಚ್ಚಿರುತ್ತದೆ. ಇನ್ನೊಮ್ಮೆ 19ರ ರಾತ್ರಿ ಮಗಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ಅಂಗಡಿಗಳ 3ಬಿ ಎರಡು ದಿನ ತಡವಾಯಿತು. ದಿನಕ್ಕೆ 50ರಂತೆ 300 ರೂಪಾಯಿ ಲೇಟ್ ಫೀ, ಮೇಲೆ ಬಡ್ಡಿ. ಎಲ್ಲವನ್ನೂ ನಾನೇ ಕಟ್ಟಿದೆ. 18ಕ್ಕೆ ಮುಗಿಸುವ ಹಟ ಬಂದದ್ದು ಆಮೇಲೆ. ಹೇಗಿದ್ದರೂ 20ರ ಸಂಜೆ ಪೋರ್ಟಲ್ ಹೇಗೆ ತೆವಳುತ್ತದೆಂದು ನಿಮಗೇ ಗೊತ್ತು.

ಒಟಿಪಿಯ ಕಷ್ಟವನ್ನು ಯಾರೂ ಹೇಳಿರಲಿಲ್ಲ. ಮಗ ಆಗ ಮಲಗುತ್ತಿದ್ದದ್ದು ಮಧ್ಯಾಹ್ನ ಒಂದರಿಂದ ಮೂರು, ನನಗೆ ಚಿನ್ನದಂಥ ಹೊತ್ತು. ರಿಟರ್ನ್ ಸಿದ್ಧ ಮಾಡಿ ಒಟಿಪಿ ಒತ್ತಿದರೆ ಅದು ಅಂಗಡಿಯವರ ಮೊಬೈಲಿಗೆ ಹೋಗುತ್ತದೆ, ಅವರೂ ಊಟ ಮಾಡಿ ಮಲಗಿರುತ್ತಾರೆ! ಒಬ್ಬರನ್ನು ಎಬ್ಬಿಸಿ ಬೈಸಿಕೊಂಡೆ. ಈಗ ಮಧ್ಯಾಹ್ನ ತುಂಬಿ ಉಳಿಸಿಡುತ್ತೇನೆ. ಮರುದಿನ ಬೆಳಗ್ಗೆ ಹತ್ತೂವರೆಗೆ, ಅಂಗಡಿ ಪೂಜೆ ಮುಗಿದು ಮೊದಲ ಚಹಾ ಕುಡಿಯುವಾಗ, ಸಾಲಾಗಿ ಫೋನ್ ಮಾಡುತ್ತೇನೆ. ಇಪ್ಪತ್ತು ನಿಮಿಷದಲ್ಲಿ ಎಂಟು ಹತ್ತು ಮುಗಿಯುತ್ತವೆ.

ಒಂದು ಪ್ರಯೋಗ ಮಾಡಿ ಸೋತೆ. ಚಿಕ್ಕ ವ್ಯಾಪಾರಸ್ಥರನ್ನೆಲ್ಲ ಕ್ಯುಆರ್‌ಎಂಪಿಗೆ, ಅಂದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಪದ್ಧತಿಗೆ ಹಾಕಿಬಿಡು, ಹಗುರಾಗುತ್ತದೆ ಎಂದರು ಗೆಳತಿಯರು. 26 ಅಂಗಡಿಗಳಲ್ಲಿ 19ನ್ನು ಹಾಕಿದೆ. ಆ ರಿಟರ್ನ್ ಬೀಳುವುದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯಲ್ಲಿ. ಅಕ್ಟೋಬರಿನಲ್ಲಿ ದಸರಾ ರಜೆ, ಏಪ್ರಿಲಿನಲ್ಲಿ ಬೇಸಗೆ ರಜೆ! ಮಕ್ಕಳು ಇಡೀ ದಿನ ಮನೆಯಲ್ಲಿರುವ ಎರಡು ತಿಂಗಳನ್ನೇ ಆರಿಸಿ ತಲೆಯ ಮೇಲೆ ಚಪ್ಪಡಿ ಎಳೆದುಕೊಂಡಿದ್ದೆ. ಸಾಲದ್ದಕ್ಕೆ ಅಂಗಡಿಯವರು "ಮೂರು ತಿಂಗಳಿಗೊಂದು ರಿಟರ್ನ್ ಅಂದ ಮೇಲೆ ತಿಂಗಳಾ ಫೀಸು ಯಾಕೆ ಮೇಡಂ?" ಎಂದು ಜಗ್ಗಾಡಿದರು. ಅರ್ಧದಷ್ಟು ಮಂದಿಯನ್ನು ಮತ್ತೆ ತಿಂಗಳ ಲೆಕ್ಕಕ್ಕೆ ತಂದೆ. ಈಗ ಏಪ್ರಿಲಿನಲ್ಲಿ ಮಕ್ಕಳು ಹರಿಹರದಲ್ಲಿ ಅಜ್ಜಿಯ ಮನೆಯಲ್ಲಿರುತ್ತಾರೆ, 23ಕ್ಕೆ ನಾನೂ ಹೋಗುತ್ತೇನೆ.

ದುಡ್ಡಿನ ಆಸೆಗೆ ಬಿದ್ದದ್ದೂ ಉಂಟು. ಒಬ್ಬ ಹಾರ್ಡ್‌ವೇರ್ ವ್ಯಾಪಾರಿ, ಮಾಲು ಸಾಗಿಸುವಾಗ ಲಾರಿಯ ಜೊತೆ ಇರಬೇಕಾದ ಇ-ವೇ ಬಿಲ್ ಮಾಡಿಕೊಡಲು ತಿಂಗಳಿಗೆ 4,000 ಕೊಡುತ್ತೇನೆಂದರು. ಲಾರಿ ತುಂಬುವುದು ರಾತ್ರಿ ಒಂಬತ್ತಕ್ಕೆ. ಮಗನಿಗೆ ಕಥೆ ಹೇಳುತ್ತಿರುವಾಗ ಫೋನ್ ಬರುತ್ತದೆ, ಡ್ರೈವರ್ ಹಾರ್ನ್ ಹೊಡೆಯುವುದು ಫೋನಿನಲ್ಲೇ ಕೇಳಿಸುತ್ತದೆ. ಎರಡು ತಿಂಗಳು ಮಾಡಿ ಬಿಟ್ಟೆ. ವರ್ಷದ ವಹಿವಾಟು ಐದು ಕೋಟಿ ದಾಟಿದವರ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಕೆಲಸವನ್ನೂ ಮುಟ್ಟುವುದಿಲ್ಲ. "ಈಗಲೇ ಬೇಕು" ಎನ್ನುವ ಕೆಲಸಕ್ಕೆ ಎಷ್ಟು ಕೊಟ್ಟರೂ ನನಗೆ ನಷ್ಟವೇ.

2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ನೆನಪಿದೆಯಲ್ಲ? ಬೆಂಗಳೂರಿನಲ್ಲಿ ಕ್ಯುಆರ್ ಕೋಡ್ ಕಿತ್ತು "ನಗದು ಮಾತ್ರ" ಎಂದು ಬೋರ್ಡ್ ಹಾಕಿದರು, ಹೆದರಿಕೆ ನಮ್ಮ ಕಡೆಗೂ ಹಬ್ಬಿತು. ಹಾಲು, ತರಕಾರಿ ಮಾತ್ರ ಮಾರುವವರೂ ಓಡಿ ಬಂದರು. ಅವೆಲ್ಲ ತೆರಿಗೆ ಇಲ್ಲದ ಮಾಲು, ನಿಮಗೆ ನೋಂದಣಿಯೇ ಬೇಡ ಎಂದು ಹೇಳಿ ಫೀಸು ಕೇಳದೆ ಕಳಿಸಿದೆ. ನಮ್ಮ ಯಜಮಾನರು ಹಣೆ ಚಚ್ಚಿಕೊಂಡರು. ಹಾಗೆ ಕಳಿಸಿದವರೇ ತಮ್ಮ ಪಕ್ಕದ ಬೇಕರಿ, ಬಟ್ಟೆ ಅಂಗಡಿಗಳವರನ್ನು ಕರೆತಂದರು. ಎರಡು ತಿಂಗಳಲ್ಲಿ ಒಂಬತ್ತು ಹೊಸಬರು. ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳು ಬದಲಾಗಿ ಶೇ. 12 ಮತ್ತು 28ರ ಹಂತಗಳು ಬಹುತೇಕ ಹೋದಾಗ ಅವರಿಗೆಲ್ಲ ನಾನೇ ದಿಕ್ಕು. ನವರಾತ್ರಿಯೂ ಆವತ್ತೇ ಶುರು. ಆ ವರ್ಷ ನಮ್ಮ ಮನೆಯಲ್ಲಿ ಗೊಂಬೆ ಕೂರಲಿಲ್ಲ, ಮಗಳು ಇನ್ನೂ ಅದನ್ನು ಎತ್ತಿ ಆಡುತ್ತಾಳೆ.

ಈಗ ಫೀಸು ಅಂಗಡಿ ನೋಡಿ 500ರಿಂದ 1,500. ಬಾಕಿ ಉಳಿಸುವವರನ್ನು ಕಳೆದರೆ ತಿಂಗಳಿಗೆ 26ರಿಂದ 28 ಸಾವಿರ ಕೈಗೆ ಬರುತ್ತದೆ. ಬಳೆ ಯಾವಾಗಲೋ ಬಿಡಿಸಿಕೊಂಡೆ. 5ನೆಯ ತಾರೀಖಿನೊಳಗೆ ಎಲ್ಲರ ಬಿಲ್ಲೂ ನನ್ನ ಕೈಸೇರುವಂತೆ ಹೇಗೆ ಮಾಡುತ್ತೇನೆಂದು ಇಬ್ಬರು ಹಳೆಯ ಸಹೋದ್ಯೋಗಿಗಳು ಕೇಳುತ್ತಲೇ ಇದ್ದಾರೆ. ಅದನ್ನು ಹೇಳುವುದಿಲ್ಲ, ಒಂದು ಚೀಲ ಮತ್ತು ನಮ್ಮ ಅತ್ತೆ ಅದರಲ್ಲಿ ಇದ್ದಾರೆ ಎಂದಷ್ಟೇ ತಿಳಿಯಿರಿ. ಬಳೆಯ ಲೆಕ್ಕ ಕೇಳುತ್ತಿದ್ದ ಅದೇ ಅತ್ತೆಯವರು ಈಗ ಬಾಗಿಲಲ್ಲಿ ನಿಂತು "ಏನಪ್ಪಾ, ಹೋದ ತಿಂಗಳೂ ಆರನೆಯ ತಾರೀಖಿಗೇ ಬಂದಿದ್ದೆ" ಎಂದು ಗದರಿಸುತ್ತಾರೆ.

ಮಗ ಈ ವರ್ಷ ಒಂದನೆಯ ತರಗತಿಗೆ ಹೋಗುತ್ತಿದ್ದಾನೆ, ಮೂರೂವರೆಯವರೆಗೆ ಮನೆ ಖಾಲಿ. ಚೌಕಿಪೇಟೆಯಲ್ಲಿ ಒಂದು ಕೋಣೆ ಹಿಡಿ ಎಂದು ಅಣ್ಣ ಬೆನ್ನು ಹತ್ತಿದ್ದಾನೆ. ಹೋಗಿ ನೋಡಿ ಬಂದೆ: ಬಾಡಿಗೆ 4,500, ಮುಂಗಡ 50,000. ಕೋಣೆ ಹಿಡಿದರೆ ದಿನಾ ಬಾಗಿಲು ತೆರೆಯಬೇಕು, ಮಗನಿಗೆ ಕೆಮ್ಮಿದ್ದ ದಿನವೂ. ಸದ್ಯಕ್ಕೆ ಬೇಡ ಎಂದಿದ್ದೇನೆ.