ಮೆಸ್ಸಿ ಬೈದದ್ದು ನನ್ನ ಪುಸ್ತಕದಲ್ಲಿ ಇರಲಿಲ್ಲ

2022ರ ಡಿಸೆಂಬರ್ 10, ಬೆಳಗಿನ ಜಾವ. ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾ ನೆದರ್ಲೆಂಡ್ಸನ್ನು ಪೆನಾಲ್ಟಿಯಲ್ಲಿ ಸೋಲಿಸಿತ್ತು. ಟಿವಿಗೆ ಮಾತಾಡುತ್ತಾ ನಿಂತಿದ್ದ ಮೆಸ್ಸಿ ಪಕ್ಕಕ್ಕೆ ತಿರುಗಿ ಡಚ್ ಆಟಗಾರನೊಬ್ಬನಿಗೆ ಏನೋ ಅಂದ. ನಾನಿದ್ದ ಅರ್ಜೆಂಟೀನಾ ಅಭಿಮಾನಿಗಳ ಟೆಲಿಗ್ರಾಂ ಗುಂಪಿನಲ್ಲಿ ನಗುವೋ ನಗು. ಎರಡು ವರ್ಷ ಸ್ಪ್ಯಾನಿಷ್ ಪುಸ್ತಕ ತಿರುವಿ ಹಾಕಿದ್ದ ನಾನು ಮಾತ್ರ ಪಿಳಿಪಿಳಿ ಕಣ್ಣು ಬಿಡುತ್ತಿದ್ದೆ.

"ಕೆ ಮಿರಾಸ್, ಬೋಬೋ? ಅಂದಾ ಪಾಶಾ, ಬೋಬೋ."

ಅಂದ್ರೆ, "ಏನೋ ನೋಡ್ತೀಯಾ ಪೆದ್ದಾ? ನಡಿಯೋ ಆ ಕಡೆ."

ಪುಸ್ತಕದಲ್ಲಿ 'ನೀನು' ಅನ್ನೋದಕ್ಕೆ 'ತೂ' ಅಂತಿತ್ತು. 'ನೋಡ್ತೀಯ' ಅನ್ನೋದು 'ಮೀರಸ್', ಒತ್ತು ಮೊದಲ ಅಕ್ಷರಕ್ಕೆ. ಅರ್ಜೆಂಟೀನಾದವರು 'ತೂ' ಬದಲು 'ವೋಸ್' ಅಂತಾರೆ. ಆಗ ಒತ್ತು ಕೊನೆಗೆ ಜಾರಿ 'ಮಿರಾಸ್' ಆಗುತ್ತದೆ. ಸ್ಪೇನಿನಲ್ಲಿ 'ಪಾಯಾ' ಅನ್ನಬಹುದಾದದ್ದು ಇವರ ಬಾಯಲ್ಲಿ 'ಪಾಶಾ'. ಇಷ್ಟನ್ನೂ ಅರ್ಜೆಂಟೀನಾದ ರೊಸಾರಿಯೋ ಊರಿನ ಒಬ್ಬ ಹುಡುಗ ಅವತ್ತೇ ಕೂತು ಬಿಡಿಸಿ ಹೇಳಿದ. ಮೈಸೂರಿನ ಕನ್ನಡ ಕಲಿತವನು ಧಾರವಾಡದ ಸಂತೆಗೆ ಹೋದ ಹಾಗಾಗಿತ್ತು ನನ್ನ ಸ್ಥಿತಿ.

ನನ್ನ ಸ್ಪ್ಯಾನಿಷ್ ಶುರುವಾಗಿದ್ದು ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ಹುಚ್ಚಿನಿಂದ. ರಾತ್ರಿ ಒಂದೂವರೆಗೆ ಪಂದ್ಯ, ಬೆಳಗ್ಗೆ ಆಫೀಸು. ಸ್ಟೇಡಿಯಂ ಕುರ್ಚಿಗಳ ಮೇಲೆ ಬರೆದಿದ್ದ 'ಮೆಸ್ ಕೆ ಉನ್ ಕ್ಲುಬ್' (ಬರೀ ಕ್ಲಬ್ಬಲ್ಲ, ಅದಕ್ಕಿಂತ ಹೆಚ್ಚು) ಅನ್ನೋದೇ ನನ್ನ ಮೊದಲ ಸ್ಪ್ಯಾನಿಷ್ ವಾಕ್ಯ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಅದು ಸ್ಪ್ಯಾನಿಷ್ ಅಲ್ಲ, ಬಾರ್ಸಿಲೋನಾ ಕಡೆಯವರ ಭಾಷೆ ಕತಲಾನ್! ಸ್ಪ್ಯಾನಿಷ್‌ನಲ್ಲಾದರೆ 'ಮಾಸ್ ಕೆ' ಆಗಬೇಕು. ಅಲ್ಲಿನ ಅಭಿಮಾನಿಗಳ ಮುಂದೆ ಎರಡೂ ಒಂದೇ ಅಂದರೆ ಏನಾಗುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ನನಗೆ ಜಾಸ್ತಿ ಕಲಿಸಿದ್ದು ಪಂದ್ಯದ ನಂತರದ ಸಂದರ್ಶನಗಳು. ಆಟಗಾರರು ಹೇಳೋದೆಲ್ಲ ಒಂದೇ. ಗೆದ್ದದ್ದು ಮುಖ್ಯ, ತಂಡಕ್ಕಾಗಿ ಖುಷಿ, ಇನ್ನೂ ಕಷ್ಟಪಡಬೇಕು, ಮುಂದಿನ ಪಂದ್ಯದ ಬಗ್ಗೆ ಯೋಚಿಸಬೇಕು. ಕೇಳುವವರಿಗೆ ಬೋರು, ಕಲಿಯುವವರಿಗೆ ಹಬ್ಬ. ಹತ್ತು ಸಂದರ್ಶನ ಕೇಳಿದರೆ ಹನ್ನೊಂದನೆಯದನ್ನು ನೀವೇ ಕೊಡಬಹುದು. ಎರಡು ನಿಮಿಷದ ತುಣುಕನ್ನು ಮೊದಲು ಸುಮ್ನೆ ಕೇಳುತ್ತಿದ್ದೆ. ಆಮೇಲೆ ಕಿವಿಗೆ ಬಿದ್ದದ್ದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದೆ. ಗುಂಪಿನಲ್ಲಿ ಹಾಕಿದರೆ ಯಾರಾದರೂ ತಿದ್ದುತ್ತಿದ್ದರು. ಪಾಪ, ಅವರಿಗಾಗಿ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಮತ್ತೆ ಬರೆಯಬೇಕಿತ್ತು.

ಕನ್ನಡ ಅಕ್ಷರ ಹಿಡಿದದ್ದು ಒಳ್ಳೆಯದೇ ಆಯಿತು. ಸ್ಪ್ಯಾನಿಷ್‌ನ 'ತ' ನಮ್ಮ 'ತ' ಥರಾನೇ, ಇಂಗ್ಲಿಷಿನ 'ಟ' ಅಲ್ಲ. ನಾವು ಶಾಲೆಯಲ್ಲಿ ಕಲಿತು ಮರೆತ 'ಞ' ಅಲ್ಲಿ ದಿನಬಳಕೆಯ ಅಕ್ಷರ. 'ಮೆ ಗುಸ್ತಾ' ಅನ್ನೋದನ್ನು ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುತ್ತವೆ. ನಮಗೇನು ಕಷ್ಟ? 'ನನಗೆ ಇಷ್ಟ', ಮುಗೀತು. 'ಬಂದೆ' ಅಂದರೆ ಬಂದವನು ನಾನೇ ಅಂತ ನಮಗೆ ಗೊತ್ತಾಗುವ ಹಾಗೆ ಅಲ್ಲೂ ಕ್ರಿಯಾಪದದ ಬಾಲದಲ್ಲೇ ಆಳು ಸಿಗುತ್ತಾನೆ.

ಹಾಗಂತ ಮರ್ಯಾದೆ ಉಳಿಯಲಿಲ್ಲ. ಮೊದಲ ವಾರ ಎಲ್ಲರೂ 'ಜಜಜ' ಅಂತ ಯಾಕೆ ಬರೆಯುತ್ತಾರೆ ಅಂತ ತಲೆ ಕೆಡಿಸಿಕೊಂಡಿದ್ದೆ. ಇಂಗ್ಲಿಷಿನ 'j' ಅಕ್ಷರ ಅವರಿಗೆ 'ಹ'. ನಗುತ್ತಿದ್ದರು, ಅಷ್ಟೇ. ಇನ್ನೊಂದು ಸಲ 'ಬಸ್ ಹಿಡೀಬೇಕು, ಆಮೇಲೆ ಸಿಗ್ತೀನಿ' ಅನ್ನಲು ಪುಸ್ತಕ ನಂಬಿ 'ಕೊಹೇರ್' ಅಂತ ಬರೆದೆ. ಸ್ಪೇನಿನಲ್ಲಿ ಅದು 'ಹಿಡಿ'. ಅರ್ಜೆಂಟೀನಾದಲ್ಲಿ ಮನೆಯವರ ಮುಂದೆ ಹೇಳಬಾರದ ಪದ. ನಾನು ಬಸ್ಸಿನ ಜೊತೆ ಏನು ಮಾಡಲು ಹೊರಟಿದ್ದೆ ಅಂತ ಊಹಿಸಿಕೊಳ್ಳಿ. ಎರಡು ದಿನ 'ಬಸ್ಸು ಚೆನ್ನಾಗಿದೆಯಾ?' ಅಂತ ವಿಚಾರಿಸುತ್ತಿದ್ದರು. ಅಲ್ಲಿ 'ತೊಮಾರ್' ಅನ್ನಬೇಕು, ಬಸ್ಸಿಗೆ 'ಬೊಂದಿ' ಅನ್ನಬೇಕು. ಇನ್ನು ಈ ಜನ್ಮದಲ್ಲಿ ಮರೆಯಲ್ಲ.

ನಮ್ಮ ಅಕ್ಕನ ಮಗಳು ಕೊರಿಯನ್ ಹಾಡುಗಾರರ ಅಭಿಮಾನಿ. ಅವಳದೂ ಇದೇ ದಾರಿ. ಕೊರಿಯನ್ನರೂ ಅಪ್ಪನಿಗೆ 'ಅಪ್ಪಾ' ಅನ್ನುತ್ತಾರೆ, ನಮ್ಮ ಹಾಗೇ ಕ್ರಿಯಾಪದ ಕೊನೆಗಿಡುತ್ತಾರೆ ಅಂತ ಮನೆಯಲ್ಲಿ ಪಾಠ ಮಾಡುತ್ತಾಳೆ.

ಮೊನ್ನೆ ಗುಂಪಿನಲ್ಲಿ ಒಬ್ಬ, "ನಿಮ್ಮ ಭಾಷೆಯಲ್ಲಿ ಬೋಬೋಗೆ ಏನಂತಾರೆ?" ಅಂತ ಕೇಳಿದ. 'ಪೆದ್ದ' ಅಂದೆ. ಕೊನೆಗೆ 'ಅ' ಬಂದರೆ ಅವರ ಕಿವಿಗೆ ಹೆಂಗಸರ ಪದ. ಗಂಡಸಿಗೆ ಬೈಯಬೇಕಲ್ಲ ಅಂತ ಅವರೇ 'ಪೆದೋ' ಮಾಡಿದರು. ಮಾಡಿದ ಮೇಲೆ ಹತ್ತು ನಿಮಿಷ ಬರೀ 'ಜಜಜ'. ಆಮೇಲೆ ಗೊತ್ತಾಯಿತು, ಸ್ಪ್ಯಾನಿಷ್‌ನಲ್ಲಿ 'ಪೆದೋ' ಅಂದರೆ ಹೂಸು.