ಹದಿನೈದು ದಿನದ ಹಡಗು ಪ್ರಯಾಣ: ಬಟ್ಟೆ ಒಗೆದು ಒಣಗಿಸುವುದು ಹೇಗೆ?

ಅಪ್ಪ, ಅಮ್ಮ ಊರಿಂದ ಬಂದಾಗ ಅವರನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಹವಾಯಿಗೆ ಹೋಗಿ ಬರುವ ಕ್ರೂಸ್‌ಗೆ ಕರೆದುಕೊಂಡು ಹೋಗಿದ್ದೆ. ಹದಿನೈದು ರಾತ್ರಿ. ಟಿಕೆಟ್ ತೋರಿಸಿದಾಗ ಅಮ್ಮ ಊಟದ ಬಗ್ಗೆ ಕೇಳಲಿಲ್ಲ, ಸಮುದ್ರದ ಬಗ್ಗೆಯೂ ಕೇಳಲಿಲ್ಲ. "ಒಗೆದ ಬಟ್ಟೆ ಎಲ್ಲಿ ಒಣಹಾಕೋದು?" ಅಂದರು.

ಅದೇ ಸರಿಯಾದ ಪ್ರಶ್ನೆ. ಹಡಗಿನಲ್ಲಿ ಬಟ್ಟೆ ಒಗೆಯುವುದು ಕಷ್ಟವಲ್ಲ, ಸೋಪು ಇದೆ, ನೀರು ಇದೆ. ಒಣಗಿಸುವುದೇ ಕಷ್ಟ. ಹಾಗಾಗಿ ಎಷ್ಟು ಬಟ್ಟೆ ತರಬೇಕು, ಯಾವ ದಿನ ಒಗೆಯಬೇಕು ಅನ್ನುವ ಎಲ್ಲ ಲೆಕ್ಕವನ್ನೂ ಒಣಗುವುದರಿಂದ ಶುರು ಮಾಡಿ. ನಾನು ಈಗ ಹಾಗೇ ಮಾಡುತ್ತೇನೆ.

ಹೆಜ್ಜೆ 1: ಟಿಕೆಟ್ ತೆಗೆಯುವ ಮೊದಲೇ ಕೇಳಿ

ಎಲ್ಲ ಹಡಗಿನಲ್ಲೂ ನಾವೇ ಒಗೆದುಕೊಳ್ಳುವ ಯಂತ್ರಗಳು ಇರುವುದಿಲ್ಲ. ಪ್ರಿನ್ಸೆಸ್, ಡಿಸ್ನಿ ಕಂಪನಿಗಳ ಹಡಗುಗಳಲ್ಲಿ, ಕಾರ್ನಿವಲ್‌ನ ಹೆಚ್ಚಿನ ಹಡಗುಗಳಲ್ಲಿ ದುಡ್ಡು ಕೊಟ್ಟು ಬಳಸುವ ಲಾಂಡ್ರಿ ಕೋಣೆ ಇದೆ. ಕ್ಯುನಾರ್ಡ್‌ನಲ್ಲಿ ಮತ್ತು ವೈಕಿಂಗ್‌ನ ಸಮುದ್ರ ಹಡಗುಗಳಲ್ಲಿ ಅದೇ ಕೋಣೆ ಉಚಿತ. ರಾಯಲ್ ಕೆರಿಬಿಯನ್, ಸೆಲೆಬ್ರಿಟಿ ಹಡಗುಗಳಲ್ಲಿ ಅಂಥ ಕೋಣೆಯೇ ಇಲ್ಲ, ಅಲ್ಲಿ ಒಂದೋ ಹಡಗಿನವರಿಗೆ ಕೊಡಬೇಕು, ಇಲ್ಲವೇ ಬಾತ್‌ರೂಮಿನ ಸಿಂಕ್‌ನಲ್ಲಿ ಒಗೆದುಕೊಳ್ಳಬೇಕು. ಒಂದು ವಾರದ ಪ್ರಯಾಣಕ್ಕೆ ಇದು ದೊಡ್ಡ ವಿಷಯ ಅಲ್ಲ. ಎರಡು ವಾರ ದಾಟಿದರೆ, ಅದರಲ್ಲೂ ಮಕ್ಕಳು ಅಥವಾ ವಯಸ್ಸಾದವರು ಜೊತೆಗಿದ್ದರೆ, ನಾನು ಲಾಂಡ್ರಿ ಕೋಣೆ ಇರುವ ಹಡಗನ್ನೇ ಆರಿಸುತ್ತೇನೆ.

ಹೆಜ್ಜೆ 2: ದಿನಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ

ಸ್ಯಾನ್ ಫ್ರಾನ್ಸಿಸ್ಕೋದಿಂದ ಹವಾಯಿಗೆ ಸುಮಾರು 2,100 ನಾಟಿಕಲ್ ಮೈಲಿ, ಅಂದರೆ ಹತ್ತಿರ ಹತ್ತಿರ 3,900 ಕಿಲೋಮೀಟರ್. ಹಡಗು 20 ನಾಟ್ ವೇಗದಲ್ಲಿ (ಗಂಟೆಗೆ 20 ನಾಟಿಕಲ್ ಮೈಲಿ) ಹೋದರೂ ನಾಲ್ಕು ದಿನಕ್ಕಿಂತ ಜಾಸ್ತಿ ಬೇಕು. ಅಷ್ಟೂ ದಿನ ಸುತ್ತ ಬರೀ ನೀರು. ಆಮೇಲೆ ಹಿಲೋ, ಹೊನೊಲುಲು ಊರುಗಳು, ಕವಾಯಿ, ಮಾವಿ ದ್ವೀಪಗಳು, ಹೀಗೆ ಸಾಲಾಗಿ ನಿಲುಗಡೆಗಳು. ವಾಪಸ್ ಬರುವಾಗ ಮತ್ತೆ ನಾಲ್ಕು ದಿನ ನೀರು, ಕೊನೆಗೆ ಮೆಕ್ಸಿಕೋದ ಎನ್ಸೆನಾಡದಲ್ಲಿ ಒಂದು ಸಣ್ಣ ನಿಲುಗಡೆ. (ಅಮೆರಿಕದಿಂದ ಅಮೆರಿಕಕ್ಕೇ ಹೋಗಿ ಬರುವ ಪ್ರಯಾಣದಲ್ಲಿ ಮೆಕ್ಸಿಕೋ ಯಾಕೆ ಅಂತ ಅಪ್ಪ ಕೇಳಿದ್ದರು. ಬೇರೆ ದೇಶದ ಬಾವುಟ ಹಾರಿಸುವ ಹಡಗು ಹೀಗೆ ಸುತ್ತಿ ಬರುವಾಗ ಒಂದಾದರೂ ವಿದೇಶಿ ಬಂದರಿಗೆ ಹೋಗಲೇಬೇಕು. 1886ರ ಕಾನೂನು, ಇವತ್ತಿಗೂ ನಡೆಯುತ್ತಿದೆ.)

ಈಗ ಬಟ್ಟೆಯ ಲೆಕ್ಕ ನೋಡಿ. ಸಮುದ್ರದ ದಿನಗಳಲ್ಲಿ ಬಟ್ಟೆ ಅಷ್ಟು ಕೊಳೆಯಾಗುವುದಿಲ್ಲ. ದ್ವೀಪದ ದಿನಗಳಲ್ಲಿ ಬೆವರು, ಮರಳು, ಮಳೆ, ಮಣ್ಣು ಎಲ್ಲ ಸೇರುತ್ತದೆ. ಹಾಗಾಗಿ ಯಂತ್ರದಲ್ಲಿ ಎರಡೇ ಸಲ ಒಗೆದರೆ ಸಾಕು: ದ್ವೀಪ ಸಿಗುವ ಹಿಂದಿನ ದಿನ ಒಮ್ಮೆ, ಕೊನೆಯ ದ್ವೀಪ ಬಿಟ್ಟ ದಿನ ಸಂಜೆ ಇನ್ನೊಮ್ಮೆ. ಮರುದಿನ ಬೆಳಿಗ್ಗೆ ಅಂತ ಬಿಟ್ಟರೆ ಕೆಲಸ ಕೆಟ್ಟಿತು, ಅವತ್ತು ಇಡೀ ಹಡಗೇ ಬಟ್ಟೆ ಹೊತ್ತುಕೊಂಡು ಲಾಂಡ್ರಿ ಕೋಣೆಗೆ ಬರುತ್ತದೆ.

ಹೆಜ್ಜೆ 3: ಏಳು ದಿನದ ಬಟ್ಟೆ ಸಾಕು, ಆದರೆ ಬೇಗ ಒಣಗುವಂಥದ್ದು

ಜೀನ್ಸ್ ಒಂದಕ್ಕಿಂತ ಜಾಸ್ತಿ ಬೇಡ. ಒಮ್ಮೆ ಒದ್ದೆಯಾದರೆ ಕ್ಯಾಬಿನ್‌ನಲ್ಲಿ ಎರಡು ದಿನ ಆದರೂ ಸೊಂಟದ ಪಟ್ಟಿ ಒಣಗುವುದಿಲ್ಲ. ದಪ್ಪ ಹತ್ತಿಯ ಟೀ ಶರ್ಟ್ ಕೂಡ ಹಾಗೇ. ತೆಳು ನೈಲಾನ್, ಪಾಲಿಯೆಸ್ಟರ್ ಒಂದು ರಾತ್ರಿಗೆ ಒಣಗುತ್ತದೆ. ಒಳಉಡುಪು ಮಾತ್ರ ಹತ್ತು ಜೊತೆ ಇರಲಿ, ಅದು ಜಾಗ ತಿನ್ನುವುದಿಲ್ಲ. ಅಪ್ಪ ಮನೆಯಲ್ಲಿ ಉಡುವ ಪಂಚೆ ತಂದಿದ್ದರು. ತೆಳು ಪಂಚೆ ಎಷ್ಟು ಬೇಗ ಒಣಗುತ್ತದೆ ಅಂದರೆ, ಆ ಪ್ರಯಾಣಕ್ಕೆ ತಂದ ಬಟ್ಟೆಗಳಲ್ಲೆಲ್ಲ ಅದೇ ಜಾಣ ಬಟ್ಟೆ ಅಂತ ನನಗೆ ಅನಿಸಿತು.

ಬಟ್ಟೆ ಬಿಟ್ಟರೆ ಇಷ್ಟು ಇಟ್ಟುಕೊಳ್ಳಿ: ಒಂದು ಬಟ್ಟೆ ಸೋಪು (ಬಾರ್ ಸೋಪು ಚೆಲ್ಲುವುದಿಲ್ಲ), ಹತ್ತು ಹನ್ನೆರಡು ಕ್ಲಿಪ್, ನಾಲ್ಕೈದು ಅಯಸ್ಕಾಂತದ ಕೊಕ್ಕೆ, ಹಳೆಯ ಟೂತ್‌ಬ್ರಷ್, ಕೊಳೆ ಬಟ್ಟೆಗೆ ಗಾಳಿ ಆಡುವ ಒಂದು ಬಟ್ಟೆ ಚೀಲ. ಕೊಕ್ಕೆ ಯಾಕೆ ಅಂದರೆ, ಹೆಚ್ಚಿನ ಹಡಗುಗಳಲ್ಲಿ ಕ್ಯಾಬಿನ್‌ನ ಗೋಡೆ ಲೋಹದ್ದು, ಕೊಕ್ಕೆ ಅಂಟಿಕೊಳ್ಳುತ್ತದೆ. ಇದು ಗೊತ್ತಿಲ್ಲದವರು ಕುರ್ಚಿ ಬೆನ್ನಿನ ಮೇಲೆ, ಮಂಚದ ಮೇಲೆ ಒದ್ದೆ ಬಟ್ಟೆ ಹರಡಿಕೊಂಡು ಒದ್ದಾಡುತ್ತಾರೆ.

ಇಸ್ತ್ರಿ ಪೆಟ್ಟಿಗೆ, ಸ್ಟೀಮರ್ ತರಲೇಬೇಡಿ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಹತ್ತುವಾಗ ಬ್ಯಾಗ್ ತಪಾಸಣೆಯಲ್ಲಿ ಸಿಕ್ಕರೆ ತೆಗೆದಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ.

ಹೆಜ್ಜೆ 4: ದಿನಾ ರಾತ್ರಿ ಹತ್ತು ನಿಮಿಷ

ಇದೊಂದು ಅಭ್ಯಾಸ ಆದರೆ ಮುಕ್ಕಾಲು ಪಾಲು ತಲೆನೋವು ಹೋಗುತ್ತದೆ. ರಾತ್ರಿ ಊಟಕ್ಕೆ ಹೋಗುವ ಮೊದಲು ಅವತ್ತಿನ ಬನಿಯನ್, ಒಳಉಡುಪು, ಕಾಲುಚೀಲ, ಒಂದು ತೆಳು ಅಂಗಿ, ಇಷ್ಟನ್ನೇ ಸಿಂಕ್‌ನಲ್ಲಿ ಒಗೆದುಬಿಡಿ.

ಸೋಪು ಕಡಿಮೆ ಹಾಕಿ. ಹಡಗಿನವರು ಸಮುದ್ರದ ನೀರಿನಿಂದಲೇ ಉಪ್ಪು ತೆಗೆದು ಸಿಹಿನೀರು ಮಾಡಿಕೊಳ್ಳುತ್ತಾರೆ. ಅದು ನಮ್ಮ ಬೋರ್‌ವೆಲ್ ನೀರಿನಂತೆ ಗಡಸು ಅಲ್ಲ. ಅಮ್ಮ ಮೊದಲ ದಿನ ಮನೆಯ ಅಂದಾಜಿನಲ್ಲೇ ಸೋಪು ಉಜ್ಜಿದರು, ನೊರೆ ಸಿಂಕ್ ತುಂಬಿತು, ಐದು ಸಲ ಜಾಲಿಸಿದರೂ ಜಾರುತ್ತಲೇ ಇತ್ತು. ಮರುದಿನದಿಂದ ಎರಡು ಸಲ ಉಜ್ಜಿ ಬಿಟ್ಟರು, ಅಷ್ಟೇ ಸಾಕಾಯಿತು.

ಈಗ ಮುಖ್ಯ ಕೆಲಸ, ಹಿಂಡುವುದು. ಕೈಯಲ್ಲಿ ಹಿಂಡಿದ್ದು ಸಾಲದು. ಕ್ಯಾಬಿನ್‌ನಲ್ಲಿ ಕೊಡುವ ದೊಡ್ಡ ಟವೆಲನ್ನು ಹಾಸಿ, ಅದರ ಮೇಲೆ ಒದ್ದೆ ಬಟ್ಟೆಯನ್ನು ಒಂದೇ ಪದರವಾಗಿ ಹರಡಿ, ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ನೆಲದ ಮೇಲಿಟ್ಟು ಕಾಲಿನಿಂದ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ತುಳಿಯಿರಿ. ಅಮ್ಮನ ಐದೂವರೆ ಮೀಟರ್ ಕಾಟನ್ ಸೀರೆಯನ್ನೂ ನಾವು ಹೀಗೇ ಒಣಗಿಸಿದ್ದು. ಸೀರೆಯನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಎರಡು ಟವೆಲ್‌ನಲ್ಲಿ ಸುತ್ತಿದೆವು, ನಾನು ಒಂದು ತುದಿ, ಅಮ್ಮ ಒಂದು ತುದಿ ನಿಂತು ತುಳಿದೆವು. ಬಿಚ್ಚಿದಾಗ ಟವೆಲ್ ಭಾರವಾಗಿತ್ತು, ಸೀರೆ ಹಗುರವಾಗಿತ್ತು. ಗಂಜಿ ಹಾಕದ ತೆಳು ಸೀರೆಯಾಗಿದ್ದರಿಂದ ಬೆಳಿಗ್ಗೆ ಹೊತ್ತಿಗೆ ಅಂಚು ಮಾತ್ರ ತಣ್ಣಗಿತ್ತು.

ಎಲ್ಲಿ ಹಾಕುವುದು? ಸ್ನಾನದ ಜಾಗದಲ್ಲಿ ಗೋಡೆಯಿಂದ ಎಳೆದು ಇನ್ನೊಂದು ಗೋಡೆಗೆ ಸಿಕ್ಕಿಸುವ ತೆಳ್ಳನೆ ಹಗ್ಗ ಹೆಚ್ಚಿನ ಹಡಗುಗಳಲ್ಲಿ ಇರುತ್ತದೆ. ಅದು ಈಜುಡುಗೆ, ಕಾಲುಚೀಲದಂಥ ಸಣ್ಣ ಬಟ್ಟೆಗೆ ಸರಿ, ಭಾರ ಹಾಕಿದರೆ ಜೋತುಬೀಳುತ್ತದೆ. ನೀರು ಸೋರುವವರೆಗೆ ಅಲ್ಲಿರಲಿ, ಆಮೇಲೆ ಹ್ಯಾಂಗರ್‌ಗೆ ಹಾಕಿ ಎಸಿ ಗಾಳಿ ಬರುವ ಕಿಂಡಿಯ ಹತ್ತಿರ ಕೊಕ್ಕೆ ಅಂಟಿಸಿ ನೇತುಹಾಕಿ. ಎಸಿ ಗಾಳಿ ಒಣಗಾಳಿ, ಅದೇ ನಿಮ್ಮ ಬಿಸಿಲು. ಎರಡು ಬಟ್ಟೆ ನಡುವೆ ಒಂದು ಗೇಣು ಜಾಗ ಬಿಡಿ. ಬಾಲ್ಕನಿ ಇದ್ದರೆ ಬಾಗಿಲು ಮುಚ್ಚಿಡಿ, ತೆರೆದರೆ ಸಮುದ್ರದ ತೇವ ಒಳಗೆ ಬಂದು ಒಣಗುತ್ತಿರುವುದೂ ಒದ್ದೆಯಾಗುತ್ತದೆ.

ಬಾಲ್ಕನಿಯಲ್ಲಿ ಮಾತ್ರ ಹಾಕಬೇಡಿ. ಬಿಸಿಲು ನೋಡಿದರೆ ನಮ್ಮವರಿಗೆ ಕೈ ಸುಮ್ನೆ ಇರುವುದಿಲ್ಲ, ನನಗೆ ಗೊತ್ತು. ಆದರೆ ಹೆಚ್ಚಿನ ಹಡಗುಗಳಲ್ಲಿ ಅದಕ್ಕೆ ಅನುಮತಿ ಇಲ್ಲ, ಕಾರಣವೂ ಸರಿಯಾಗಿದೆ. 20 ನಾಟ್ ಅಂದರೆ ಗಂಟೆಗೆ 37 ಕಿಲೋಮೀಟರ್, ಎದುರುಗಾಳಿ ಸೇರಿದರೆ ಇನ್ನೂ ಜಾಸ್ತಿ. ಹಾರಿದ ಬಟ್ಟೆ ಸಮುದ್ರಕ್ಕೆ ಕಸ.

ಹೆಜ್ಜೆ 5: ಯಂತ್ರದ ಕೋಣೆಗೆ ಯಾವಾಗ ಹೋಗಬೇಕು

ಪಶ್ಚಿಮಕ್ಕೆ ಹೋಗುವಾಗ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಹವಾಯಿ ಸಮಯ ಕ್ಯಾಲಿಫೋರ್ನಿಯಾಗಿಂತ ಚಳಿಗಾಲದಲ್ಲಿ ಎರಡು ಗಂಟೆ, ಬೇಸಿಗೆಯಲ್ಲಿ ಮೂರು ಗಂಟೆ ಹಿಂದೆ. ಹಾಗಾಗಿ ಹೋಗುವ ದಿನಗಳಲ್ಲಿ ಬೆಳಗಿನ ಜಾವ ತಾನಾಗಿಯೇ ಎಚ್ಚರ ಆಗುತ್ತದೆ. ಆ ಹೊತ್ತನ್ನು ಬಳಸಿಕೊಳ್ಳಿ, ಲಾಂಡ್ರಿ ಕೋಣೆ ತೆರೆಯುವ ಸಮಯ ಬಾಗಿಲ ಮೇಲೆ ಬರೆದಿರುತ್ತದೆ, ತೆರೆದ ಕೂಡಲೇ ಹೋಗಿ. ವಾಪಸ್ ಬರುವಾಗ ಉಲ್ಟಾ, ಗಂಟೆಗಳು ಕಳೆಯುತ್ತವೆ, ಎದ್ದೇಳುವುದೇ ತಡ. ಆಗ ರಾತ್ರಿ ಊಟದ ಹೊತ್ತು ಅಥವಾ ದೊಡ್ಡ ಪ್ರದರ್ಶನ ನಡೆಯುವ ಹೊತ್ತು ಒಳ್ಳೆಯದು.

ಹಡಗಿನಲ್ಲಿ ನಗದು ನಡೆಯುವುದಿಲ್ಲ, ಕ್ಯಾಬಿನ್ ಲೆಕ್ಕಕ್ಕೇ ದುಡ್ಡು ಸೇರುತ್ತದೆ. ಡ್ರೈಯರ್ ಹಾಕುವ ಮೊದಲು ಅದರ ಜಾಲರಿಯಲ್ಲಿ ಸೇರಿದ ನೂಲಿನ ಧೂಳನ್ನು ಕೈಯಲ್ಲಿ ತೆಗೆಯಿರಿ. ಅದು ತುಂಬಿದ್ದರೆ ಬಟ್ಟೆ ಒಣಗುವುದಿಲ್ಲ, ಬೆಂಕಿಯ ಅಪಾಯವೂ ಇದೆ. ಫೋನ್‌ನಲ್ಲಿ ಅಲಾರಂ ಇಟ್ಟು, ಐದು ನಿಮಿಷ ಮೊದಲೇ ಹೋಗಿ ನಿಲ್ಲಿ. ನಮ್ಮ ಬಟ್ಟೆಯನ್ನು ಯಾರೋ ಅರ್ಧ ಒದ್ದೆ ಇರುವಾಗಲೇ ತೆಗೆದು ಮೇಜಿನ ಮೇಲೆ ಹಾಕಿದ್ದರು, ಅಮ್ಮನಿಗೆ ತುಂಬಾ ಬೇಜಾರಾಯಿತು. ಹೊರಗಿನವರು ಒಳಉಡುಪು ಮುಟ್ಟಿದ್ದು ಅವರಿಗೆ ಇವತ್ತಿಗೂ ಮನಸ್ಸಿನಲ್ಲಿದೆ. ಆಮೇಲಿಂದ ಒಳಉಡುಪನ್ನು ಯಂತ್ರಕ್ಕೆ ಹಾಕಲೇ ಇಲ್ಲ.

ಬಣ್ಣ ಬಿಡುವ ಹೊಸ ಕಾಟನ್ ಬಟ್ಟೆಯನ್ನು ಇಲ್ಲಿ ತರಬೇಡಿ. ಒದ್ದೆ ಬಿಳಿ ಕರ್ಚೀಫಿನಿಂದ ಒಂದು ಮೂಲೆ ಉಜ್ಜಿ ನೋಡಿ, ಬಣ್ಣ ಅಂಟಿದರೆ ಅದು ಸಿಂಕ್‌ಗೆ.

ಹೆಜ್ಜೆ 6: ಕಲೆ ಕಂಡರೆ ಮೊದಲು ಡ್ರೈಯರ್‌ನಿಂದ ದೂರ ಇಡಿ

ಬಿಸಿ ತಾಗಿದರೆ ಕಲೆ ಕೂತುಬಿಡುತ್ತದೆ. ಹವಾಯಿಯಲ್ಲಿ ಮೂರು ಸಮಸ್ಯೆ ಖಂಡಿತ ಬರುತ್ತವೆ.

ಮೊದಲನೆಯದು ಕವಾಯಿಯ ಕೆಂಪು ಮಣ್ಣು. ವೈಮಿಯಾ ಕಣಿವೆ ನೋಡಲು ಹೋದರೆ ಪ್ಯಾಂಟಿನ ಅಂಚಿಗೆ, ಶೂಗೆ ಹತ್ತಿಯೇ ಹತ್ತುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಅಂಶ ಎಷ್ಟಿದೆ ಅಂದರೆ, ಅದರಲ್ಲೇ ಬಣ್ಣ ಹಾಕಿದ ಟೀ ಶರ್ಟ್‌ಗಳನ್ನು ಅಲ್ಲಿ ಮಾರುತ್ತಾರೆ. ಒದ್ದೆ ಇರುವಾಗ ಉಜ್ಜಬೇಡಿ, ನೂಲಿನ ಒಳಗೆ ಇಳಿಯುತ್ತದೆ. ಪೂರ್ತಿ ಒಣಗಲಿ, ಕೊಡವಿ, ಟೂತ್‌ಬ್ರಷ್‌ನಿಂದ ಉದುರಿಸಿ, ಆಮೇಲೆ ತಣ್ಣೀರಲ್ಲಿ ಸೋಪು ಹಾಕಿ ನೆನೆಸಿ. ಕ್ಲೋರಿನ್ ಬ್ಲೀಚ್ ಬೇಡವೇ ಬೇಡ, ಕಬ್ಬಿಣದ ಕಲೆ ಇನ್ನೂ ಗಟ್ಟಿಯಾಗುತ್ತದೆ. ಉಳಿದ ಮಸುಕಿಗೆ ಬಫೆಯಿಂದ ತಂದ ನಿಂಬೆಹೋಳು ಉಜ್ಜಿ ಸ್ವಲ್ಪ ಹೊತ್ತು ಬಿಟ್ಟು ಜಾಲಿಸಿ.

ಎರಡನೆಯದು ಉಪ್ಪುನೀರು. ಸಮುದ್ರದಲ್ಲಿ ನೆನೆದ ಬಟ್ಟೆ ಎಷ್ಟು ಹೊತ್ತು ಹಾಕಿದರೂ ಜಿಗುಟಾಗಿಯೇ ಇರುತ್ತದೆ, ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ ಅಲ್ವಾ. ಬೀಚ್‌ನಲ್ಲೇ ಇರುವ ಶವರ್‌ನಲ್ಲಿ ಬಟ್ಟೆ ಸಮೇತ ನಿಂತು ಮರಳು, ಉಪ್ಪು ಎರಡನ್ನೂ ತೊಳೆದುಕೊಂಡು ಬನ್ನಿ. ಹಿಲೋದಲ್ಲಂತೂ ಬೀಚ್‌ಗೆ ಹೋಗದೆಯೂ ನೆನೆಯುತ್ತೀರಿ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರು ಅದು, ನಮ್ಮ ಮಂಗಳೂರಿನ ಸಾಲಿಗೇ ಸೇರುವಂಥದ್ದು. ಅವತ್ತಿಗೆ ತೆಳು ಬಟ್ಟೆ, ಒಂದು ರೇನ್‌ಕೋಟ್.

ಮೂರನೆಯದು ಅರಿಶಿನ. ಬಫೆಯಲ್ಲಿ ಕರಿ ಇದ್ದೇ ಇರುತ್ತದೆ. ಸೋಪು ತಾಗಿದರೆ ಕಲೆ ಕೆಂಪಗಾಗುವುದು ನಮಗೆಲ್ಲ ಗೊತ್ತು, ಗಾಬರಿ ಬೇಡ. ಒಗೆದು, ಬಾಲ್ಕನಿ ಗಾಜಿನ ಒಳಗಡೆ ಬಿಸಿಲು ಬೀಳುವ ಕಡೆ ಕುರ್ಚಿಯ ಮೇಲೆ ಹರಡಿ. ಬೆಳಕಿಗೆ ನಿಧಾನವಾಗಿ ಮಾಸುತ್ತದೆ.

ಹೆಜ್ಜೆ 7: ಹಡಗಿನವರಿಗೆ ಕೊಡುವುದಾದರೆ

ಬಿಡಿಯಾಗಿ ಕೊಟ್ಟರೆ ಒಂದೊಂದು ಬಟ್ಟೆಗೂ ಬೆಲೆ, ಬೇಗ ಏರುತ್ತದೆ. ಪ್ರಯಾಣದ ನಡುವೆ ಕೆಲವು ಹಡಗುಗಳು "ಒಂದು ಚೀಲ ತುಂಬಿ ಕೊಡಿ, ಒಂದೇ ಬೆಲೆ" ಅಂತ ಚೀಟಿ ಇಡುತ್ತವೆ, ಅದು ಲಾಭ. ಬಟ್ಟೆಗಳನ್ನು ಬಿಗಿಯಾಗಿ ಸುತ್ತಿ ತುಂಬಿದರೆ ಚೀಲ ತುಂಬಾ ಹಿಡಿಯುತ್ತದೆ. ಆದರೆ ಅದರಲ್ಲಿ ಗಟ್ಟಿಮುಟ್ಟು ಬಟ್ಟೆ ಮಾತ್ರ ಹಾಕಿ. ಹಿಂದೊಮ್ಮೆ ಬೇರೆ ಹಡಗಿನಲ್ಲಿ ನನ್ನ ಖಾದಿ ಕುರ್ತಾ ಆ ಚೀಲದಲ್ಲಿ ಹೋಗಿ, ತೋಳು ಎರಡು ಇಂಚು ಗಿಡ್ಡವಾಗಿ ಬಂತು. ಎಲ್ಲವನ್ನೂ ಒಟ್ಟಿಗೆ ಬಿಸಿಯಲ್ಲಿ ಒಗೆದು, ಬಿಸಿಯಲ್ಲೇ ಒಣಗಿಸಿದ್ದರು ಅಂತ ಕಾಣುತ್ತದೆ.

ರೇಷ್ಮೆ ಸೀರೆಯನ್ನು ಯಾರಿಗೂ ಕೊಡಬೇಡಿ. ಫಾರ್ಮಲ್ ರಾತ್ರಿ (ಎಲ್ಲರೂ ಚೆನ್ನಾಗಿ ಅಲಂಕರಿಸಿಕೊಂಡು ಊಟಕ್ಕೆ ಹೋಗುವ ರಾತ್ರಿ) ಉಟ್ಟು ಬಂದಮೇಲೆ ಹ್ಯಾಂಗರ್‌ನಲ್ಲಿ ರಾತ್ರಿಯಿಡೀ ಗಾಳಿಗೆ ಬಿಟ್ಟು ಮಡಿಚಿಡಿ. ಇಸ್ತ್ರಿ ಬೇಕಿದ್ದರೆ ಲಾಂಡ್ರಿ ಕೋಣೆಯಲ್ಲೇ ಪೆಟ್ಟಿಗೆ, ಮೇಜು ಇರುತ್ತದೆ.

ಇನ್ನೊಂದು ಮಾತು. ಯಾರಿಗಾದರೂ ವಾಂತಿ, ಭೇದಿ ಆದರೆ ಆ ಬಟ್ಟೆಯನ್ನು ನೀವೇ ಒಗೆಯಬೇಡಿ, ಎಲ್ಲರೂ ಬಳಸುವ ಯಂತ್ರಕ್ಕಂತೂ ಹಾಕಲೇಬೇಡಿ. ವಾಂತಿ, ಭೇದಿ ತರುವ ನೋರೋವೈರಸ್ ಹಡಗಿನಲ್ಲಿ ಬಹಳ ಬೇಗ ಹರಡುತ್ತದೆ. ಕ್ಯಾಬಿನ್ ನೋಡಿಕೊಳ್ಳುವವರಿಗೆ, ವೈದ್ಯರಿಗೆ ಹೇಳಿ, ಅದನ್ನು ಬೇರೆಯಾಗಿ ಒಯ್ದು ಒಗೆಯುವ ವ್ಯವಸ್ಥೆ ಅವರಲ್ಲಿದೆ. ಮುಜುಗರ ಪಡುವ ವಿಷಯ ಇದಲ್ಲ.

ಹೆಜ್ಜೆ 8: ಕೊನೆಯ ಎರಡು ರಾತ್ರಿ

ಎನ್ಸೆನಾಡ ಬರುವ ಹಿಂದಿನ ದಿನಕ್ಕೆ ಒಗೆಯುವುದನ್ನು ನಿಲ್ಲಿಸಿ. ಹಡಗಿನವರಿಗೆ ಕೊಡುವುದನ್ನು ಅದಕ್ಕೂ ಮೊದಲೇ ನಿಲ್ಲಿಸಿ, ವಾಪಸ್ ಬರಲು ಒಂದೆರಡು ದಿನ ಆಗಬಹುದು. ಇಳಿಯುವ ಹಿಂದಿನ ರಾತ್ರಿ ದೊಡ್ಡ ಸೂಟ್‌ಕೇಸ್‌ಗಳನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ, ಮರುದಿನ ಹಾಕಿಕೊಳ್ಳುವ ಒಂದು ಜೊತೆ ಬಟ್ಟೆ, ರಾತ್ರಿ ಬಟ್ಟೆ, ಚಪ್ಪಲಿ ಕೈಚೀಲದಲ್ಲಿ ಉಳಿಯಲಿ. ಪ್ಯಾಕ್ ಮಾಡುವಾಗ ಪ್ರತಿ ಬಟ್ಟೆಯ ಕಂಕುಳು, ಸೊಂಟದ ಪಟ್ಟಿ, ಕಾಲರ್ ಮುಟ್ಟಿ ನೋಡಿ. ತಣ್ಣಗಿದ್ದರೆ ಅದು ಒಣಗಿಲ್ಲ. ಅಂಥದ್ದನ್ನು ಒಂದು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕೈಚೀಲದಲ್ಲೇ ಇಟ್ಟುಕೊಂಡು, ಮನೆ ಸೇರಿದ ಕೂಡಲೇ ಬಿಚ್ಚಿ ಹರಡಿ, ಇಲ್ಲದಿದ್ದರೆ ಮುಗ್ಗಲು ವಾಸನೆ ಸೂಟ್‌ಕೇಸ್ ತುಂಬಾ ಹಿಡಿಯುತ್ತದೆ. ಕೊಕ್ಕೆಗಳನ್ನು ಎಣಿಸಿ ತೆಗೆದುಕೊಳ್ಳಿ. ನಾವು ಐದು ಅಂಟಿಸಿದ್ದೆವು, ಮನೆಗೆ ಬಂದಿದ್ದು ನಾಲ್ಕು.