ಎರವಲು ಕೋಡ್, ಸ್ವಂತ ಲೇಖನ: ನಕಲು ಮಾಡದೆ ಬರೆಯುವುದು ಹೇಗೆ?

ಪ್ರೋಗ್ರಾಮಿಂಗ್ ಕಲಿಯುವವರಿಗೆ ಎಲ್ಲರೂ ಹೇಳುವ ಮಾತು: ಕಲಿತದ್ದನ್ನು ಬರೆದು ಹಂಚಿಕೊಳ್ಳಿ. ಮಾತು ಸರಿಯೇ. ಆದರೆ ಬರೆಯುವುದು ಹೇಗೆ ಎಂದು ಹೇಳಿಕೊಡುವವರು ಕಡಿಮೆ. ತಾಂತ್ರಿಕ ಲೇಖನಗಳನ್ನು ಪ್ರಕಟಣೆಗೆ ಮುನ್ನ ಓದಿ ತಿದ್ದುವ ಕೆಲಸ ನನ್ನದು. ನನ್ನ ಮುಂದೆ ಬರುವವುಗಳಲ್ಲಿ ಎಷ್ಟೋ ಲೇಖನಗಳು ಒಂದೇ ಅಚ್ಚಿನಲ್ಲಿರುತ್ತವೆ: ಎರಡು ಮೂರು ಕಡೆಯಿಂದ ಎತ್ತಿಕೊಂಡ ಪ್ಯಾರಾಗಳು, ವೇರಿಯಬಲ್ ಹೆಸರು ಬದಲಿಸಿದ ಕೋಡ್, ಮೂಲದ ಸುಳಿವೇ ಇಲ್ಲದ ಕೊನೆ. ಬರೆದವರಲ್ಲಿ ಬಹುಪಾಲು ಜನರಿಗೆ ಕದಿಯುವ ಉದ್ದೇಶ ಇರುವುದಿಲ್ಲ. ಎಲ್ಲಿ ಕಲಿಕೆ ಮುಗಿದು ಎಲ್ಲಿ ನಕಲು ಶುರುವಾಗುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಮೂಲವನ್ನು ಹೇಳುವುದು ಮರ್ಯಾದೆಯ ಪ್ರಶ್ನೆ ಎಂದು ಹಲವರು ಭಾವಿಸಿದ್ದಾರೆ. ಅದಕ್ಕಿಂತ ದೊಡ್ಡ ಕಾರಣವೊಂದಿದೆ. ಕೋಡ್‌ನಲ್ಲಿ ತಪ್ಪು ಇರುತ್ತದೆ, ಇಂದಲ್ಲ ನಾಳೆ ಯಾರೋ ಅದನ್ನು ಕಂಡುಹಿಡಿದು ಮೂಲದಲ್ಲಿ ತಿದ್ದುತ್ತಾರೆ. ಮೂಲದ ಲಿಂಕ್ ಇದ್ದರೆ ಆ ತಿದ್ದುಪಡಿ ನಿಮ್ಮ ಓದುಗರಿಗೂ ತಲುಪುತ್ತದೆ. ಲಿಂಕ್ ಕತ್ತರಿಸಿದರೆ ತಪ್ಪು ಮಾತ್ರ ನಿಮ್ಮಲ್ಲಿ ಉಳಿಯುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲೇ ಇದೆ. ಫೈಲಿನ ಗಾತ್ರವನ್ನು ಬೈಟ್‌ಗಳಿಂದ ಕೆಬಿ, ಎಂಬಿಗೆ ಬದಲಿಸಿ ತೋರಿಸುವ ಪುಟ್ಟ ಜಾವಾ ಫಂಕ್ಷನ್ ಒಂದನ್ನು 2010ರಲ್ಲಿ ಅಲ್ಲಿ ಉತ್ತರವಾಗಿ ಹಾಕಲಾಗಿತ್ತು. ಅಲ್ಲಿಂದ, ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಪ್ರಾಜೆಕ್ಟ್‌ಗಳಿಗೆ ಅತಿ ಹೆಚ್ಚು ನಕಲಾದ ಜಾವಾ ತುಣುಕು ಅದೇ ಎಂದು ಮುಂದೆ ಸಂಶೋಧಕರು ಗುರುತಿಸಿದರು. 2019ರಲ್ಲಿ ಅದನ್ನು ಬರೆದವರೇ ಅದರಲ್ಲೊಂದು ದೋಷವಿದೆ ಎಂದು ಪ್ರಕಟಿಸಿದರು. 9,99,999 ಬೈಟ್ ಕೊಟ್ಟರೆ ಅದು 1.0 ಎಂಬಿ ಎನ್ನಬೇಕಿತ್ತು, 1000.0 ಕೆಬಿ ಎನ್ನುತ್ತಿತ್ತು. ಮೂಲದ ಉತ್ತರ ಸರಿಯಾಯಿತು. ಆದರೆ ಮೂಲವನ್ನು ನಮೂದಿಸದೆ ಎತ್ತಿಕೊಂಡ ಪ್ರಾಜೆಕ್ಟ್‌ಗಳಿಗೆ ಈ ಸುದ್ದಿ ಮುಟ್ಟುವುದಾದರೂ ಹೇಗೆ?

ಇನ್ನು ಹಂತಗಳಿಗೆ ಬರೋಣ.

ಹಂತ 1: ಓದುವಾಗಲೇ ಲಿಂಕ್ ಬರೆದಿಟ್ಟುಕೊಳ್ಳಿ

ಲೇಖನ ಮುಗಿದ ಮೇಲೆ ಬ್ರೌಸರ್ ಹಿಸ್ಟರಿಯಲ್ಲಿ ಹುಡುಕುತ್ತೇನೆ ಎಂದುಕೊಂಡವರಿಗೆ ಏನೂ ಸಿಗುವುದಿಲ್ಲ. ಒಂದು ಸಾದಾ ಟೆಕ್ಸ್ಟ್ ಫೈಲ್ ಸಾಕು: ಲಿಂಕ್, ಬರೆದವರ ಹೆಸರು ಅಥವಾ ಯೂಸರ್‌ನೇಮ್, ಅಲ್ಲಿಂದ ಏನು ಕಲಿತಿರಿ ಎಂಬ ಒಂದು ಸಾಲು.

ಹಂತ 2: ಲೈಸೆನ್ಸ್ ನೋಡಿ

ಇಂಟರ್‌ನೆಟ್‌ನಲ್ಲಿ ಕಾಣುವುದೆಲ್ಲ ಪುಕ್ಕಟೆ ಅಲ್ಲ. ಸ್ಟ್ಯಾಕ್ ಓವರ್‌ಫ್ಲೋದ ಪ್ರಶ್ನೋತ್ತರಗಳು ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್ಎ ಲೈಸೆನ್ಸ್‌ನಡಿ ಇವೆ. 2018ರ ಮೇ 2ರಿಂದ ಈಚೆಗೆ ಬರೆದದ್ದಕ್ಕೆ ಅದರ 4.0 ಆವೃತ್ತಿ ಅನ್ವಯ. ಅಂದರೆ ಬಳಸಬಹುದು, ಆದರೆ ಬರೆದವರ ಹೆಸರು ಹೇಳಬೇಕು, ಬದಲಾಯಿಸಿದ್ದರೆ ಅದನ್ನು ತಿಳಿಸಬೇಕು, ಬದಲಾಯಿಸಿದ್ದನ್ನು ಹಂಚುವಾಗ ಅದೇ ಬಗೆಯ ಲೈಸೆನ್ಸ್‌ನಲ್ಲೇ ಹಂಚಬೇಕು. ಎಂಐಟಿ ಲೈಸೆನ್ಸ್ ಇರುವ ಕೋಡ್ ತೆಗೆದುಕೊಂಡರೆ ಅದರ ಕಾಪಿರೈಟ್ ಸಾಲನ್ನೂ ಲೈಸೆನ್ಸ್ ಪಠ್ಯವನ್ನೂ ಜೊತೆಗೇ ಒಯ್ಯಬೇಕು. ಜಿಪಿಎಲ್ ಕೋಡ್ ಸೇರಿಸಿಕೊಂಡ ಪ್ರೋಗ್ರಾಮನ್ನು ಹಂಚುವುದಾದರೆ ಅದನ್ನೂ ಜಿಪಿಎಲ್ ಅಡಿಯಲ್ಲೇ ಹಂಚಬೇಕು. ವೆಬ್ ತಂತ್ರಜ್ಞಾನಗಳ ಕೈಪಿಡಿ ತಾಣವಾದ ಎಂಡಿಎನ್‌ನಲ್ಲಿ 2010ರ ಆಗಸ್ಟ್ 20ರಿಂದ ಸೇರಿಸಿದ ಕೋಡ್ ಮಾದರಿಗಳಿಗೆ ಯಾವ ಷರತ್ತೂ ಇಲ್ಲ. ಅಲ್ಲಿನ ವಿವರಣೆಯ ಗದ್ಯಕ್ಕೆ ಮಾತ್ರ ಇದೆ.

ಹೆಚ್ಚಿನವರು ಎಡವುವುದು ಲೈಸೆನ್ಸ್ ಫೈಲೇ ಇಲ್ಲದ ಗಿಟ್‌ಹಬ್ ರೆಪೊಗಳಲ್ಲಿ, ಅಂದರೆ ಕೋಡ್ ಸಂಗ್ರಹಗಳಲ್ಲಿ. ಏನೂ ಬರೆದಿಲ್ಲ, ಹಾಗಾದರೆ ಯಾರು ಬೇಕಾದರೂ ಬಳಸಬಹುದು ಎಂದುಕೊಳ್ಳುತ್ತಾರೆ. ವಿಷಯ ಪೂರ್ತಿ ಉಲ್ಟಾ. ಲೈಸೆನ್ಸ್ ಇಲ್ಲ ಎಂದರೆ ಎಲ್ಲ ಹಕ್ಕೂ ಬರೆದವರದೇ. ಗಿಟ್‌ಹಬ್‌ನೊಳಗೆ ನೋಡಬಹುದು, ಫೋರ್ಕ್ ಮಾಡಬಹುದು (ನಿಮ್ಮ ಖಾತೆಗೆ ಪ್ರತಿ ಮಾಡಿಕೊಳ್ಳಬಹುದು), ಅದರಾಚೆ ಅವರನ್ನು ಕೇಳಬೇಕು. ಆ ರೆಪೊದಲ್ಲೇ ಒಂದು ಇಶ್ಯೂ (ಪ್ರಶ್ನೆಯ ಟಿಪ್ಪಣಿ) ತೆರೆದು ಕೇಳುವುದಕ್ಕೆ ಎರಡು ನಿಮಿಷವೂ ಬೇಡ.

ಇಷ್ಟೇ ಸಾಲು ತಾನೇ ಎಂಬ ವಾದವನ್ನು ನೆಚ್ಚಿಕೊಳ್ಳಬೇಡಿ. ಆಂಡ್ರಾಯ್ಡ್ ಕುರಿತು ಒರೇಕಲ್ ಮತ್ತು ಗೂಗಲ್ ನಡುವೆ ನಡೆದ ಮೊಕದ್ದಮೆಯಲ್ಲಿ ಗೂಗಲ್ ಮಾಡಿದ ಜಾವಾ ಎಪಿಐ (ಲೈಬ್ರರಿಯ ಫಂಕ್ಷನ್‌ಗಳನ್ನು ಕರೆಯುವ ವಿಧಾನ) ಬಳಕೆ ನ್ಯಾಯಯುತವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, ನಿಜ. ಆದರೆ ಅದೇ ಮೊಕದ್ದಮೆಯಲ್ಲಿ ರೇಂಜ್‌ಚೆಕ್ ಎಂಬ ಒಂಬತ್ತು ಸಾಲಿನ ಫಂಕ್ಷನ್ ನಕಲಾಗಿದ್ದನ್ನು 2012ರಲ್ಲೇ ಜ್ಯೂರಿ ಉಲ್ಲಂಘನೆ ಎಂದು ಪರಿಗಣಿಸಿತ್ತು.

ಲೈಸೆನ್ಸ್ ಪಾಲಿಸಿದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಹೆಸರು ಹೇಳುವ ಷರತ್ತೇ ಇಲ್ಲದ ಕೋಡನ್ನೂ ನನ್ನದು ಎಂದು ತೋರಿಸಿಕೊಂಡರೆ ಕಾನೂನು ಸುಮ್ಮನಿದ್ದೀತು, ಕೃತಿಚೌರ್ಯ ಕೃತಿಚೌರ್ಯವೇ.

ಹಂತ 3: ಟ್ಯಾಬ್ ಮುಚ್ಚಿ ಬರೆಯಿರಿ

ಕೆಲಸ ಕೆಡುವುದೇ ಇಲ್ಲಿ. ಎಡಗಡೆ ಮೂಲ ಲೇಖನ, ಬಲಗಡೆ ತಮ್ಮ ಎಡಿಟರ್ ತೆರೆದಿಟ್ಟುಕೊಂಡು ಒಂದೊಂದೇ ವಾಕ್ಯ ನೋಡಿ ಸ್ವಂತ ಮಾತಿನಲ್ಲಿ ಬರೆಯುವ ರೂಢಿ ಬಹಳ ಜನರಲ್ಲಿದೆ. ಹಾಗೆ ಬರೆದದ್ದು ಸ್ವಂತ ಮಾತಾಗುವುದಿಲ್ಲ. ವಾಕ್ಯದ ಪದ ಬದಲಾಗುತ್ತದೆ. ವಿಷಯದ ಅನುಕ್ರಮ, ಉದಾಹರಣೆ, ಒತ್ತು, ಬಿಟ್ಟುಹೋದ ಅಂಶ ಎಲ್ಲವೂ ಮೂಲದ್ದೇ ಉಳಿಯುತ್ತವೆ.

ಬೈನರಿ ಸರ್ಚ್ ಅನ್ನೇ ತೆಗೆದುಕೊಳ್ಳಿ: ಕ್ರಮವಾಗಿ ಜೋಡಿಸಿದ ಸರಣಿಯ ನಡುವಿನ ಸಂಖ್ಯೆ ನೋಡಿ, ಪ್ರತಿ ಸಲ ಅರ್ಧ ಭಾಗ ಬಿಟ್ಟು ಹುಡುಕುವ ವಿಧಾನ. ಅದರ ಬಗ್ಗೆ ಒಂದಷ್ಟು ಲೇಖನ ತೆರೆದು ನೋಡಿ. 2, 5, 8, 12, 16, 23, 38, 56, 72, 91 ಎಂಬ ಸರಣಿ ಮತ್ತೆ ಮತ್ತೆ ಎದುರಾಗುತ್ತದೆ. ಹುಡುಕುವುದು 23 ಅನ್ನೇ. ಮೊದಲು ನಡುವಿನ 16, ಆಮೇಲೆ 56, ಮೂರನೆಯ ಸಲಕ್ಕೆ 23 ಸಿಕ್ಕಿತು, ಲೇಖನ ಮುಗಿಯಿತು. ಬರೆಯುವವರು ತಾವಾಗಿ ಒಂದು ಸರಣಿ ಆರಿಸಿಕೊಳ್ಳುವಷ್ಟೂ ಯೋಚಿಸಿಲ್ಲ ಎಂಬುದು ಮೊದಲ ನೋಟಕ್ಕೇ ತಿಳಿದುಹೋಗುತ್ತದೆ. ಒಂದು ಲೇಖನ ನಕಲೋ ಅಲ್ಲವೋ ಎಂದು ನೋಡುವಾಗ ನಾನು ವಾಕ್ಯಗಳಿಗಿಂತ ಮೊದಲು ನೋಡುವುದು ಉದಾಹರಣೆಯ ಸಂಖ್ಯೆಗಳನ್ನು.

ನೀವು ಹೀಗೆ ಮಾಡಿ. ಓದಿ ಮುಗಿಸಿ. ಎಲ್ಲ ಟ್ಯಾಬ್ ಮುಚ್ಚಿ. ಸಾಧ್ಯವಾದರೆ ಬರೆಯುವುದನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಆಮೇಲೆ ಖಾಲಿ ಫೈಲ್ ತೆರೆದು ನೆನಪಿನಿಂದ ಕೋಡ್ ಬರೆಯಿರಿ. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತದೆ. ಲೂಪ್‌ನ ಷರತ್ತಿನಲ್ಲಿ ಎಡತುದಿಯ ಸ್ಥಾನ ಬಲತುದಿಯದಕ್ಕಿಂತ 'ಕಡಿಮೆ' ಎಂದಿರಬೇಕೋ 'ಕಡಿಮೆ ಅಥವಾ ಸಮ' ಎಂದಿರಬೇಕೋ ಗೊತ್ತಾಗುವುದಿಲ್ಲ. ಆಗ ಟ್ಯಾಬ್ ತೆರೆಯಬೇಡಿ. ಎರಡನ್ನೂ ಬರೆದು, ಒಂದೇ ಅಂಶವಿರುವ ಸರಣಿ ಕೊಟ್ಟು ಓಡಿಸಿ. ನೀವು ಆ ಕೊನೆಯ ಅಂಶವನ್ನೂ ಹುಡುಕುವ ವ್ಯಾಪ್ತಿಯೊಳಗೇ ಇಟ್ಟುಕೊಂಡಿದ್ದರೆ ಬರಿಯ 'ಕಡಿಮೆ' ಎಂಬ ಷರತ್ತು ಲೂಪಿನೊಳಗೆ ಕಾಲಿಡದೆಯೇ 'ಸಿಗಲಿಲ್ಲ' ಎನ್ನುತ್ತದೆ. ಯಾಕೆ ಹಾಗಾಯಿತು ಎಂಬ ಎರಡು ವಾಕ್ಯ ಬರೆಯಿರಿ. ಆ ಎರಡು ವಾಕ್ಯ ನಿಮ್ಮದು.

ಇನ್ನೂ ಕೇಳಿಕೊಳ್ಳಿ. ಹುಡುಕುವ ಸಂಖ್ಯೆ ಸರಣಿಯಲ್ಲಿ ಇಲ್ಲದೇ ಹೋದರೆ? 7, 7, 7, 7, 7 ಎಂಬ ಸರಣಿಯಲ್ಲಿ 7 ಹುಡುಕಿದರೆ ಯಾವ 7 ಸಿಗುತ್ತದೆ? ನಡುವಿನದು ಸಿಗುತ್ತದೆ, ಮೊದಲನೆಯದು ಬೇಕಿದ್ದವರಿಗೆ ಇಷ್ಟು ಸಾಲದು. ಸರಣಿ ಬಹಳ ದೊಡ್ಡದಾದರೆ? ಎರಡು ತುದಿಗಳ ಸ್ಥಾನ ಕೂಡಿಸಿ ಎರಡರಿಂದ ಭಾಗಿಸುವ ಸೂತ್ರ, ಮೊತ್ತ 2,14,74,83,647 ದಾಟಿದೊಡನೆ 32 ಬಿಟ್‌ನ ಪೂರ್ಣಾಂಕದಲ್ಲಿ ಋಣ ಸಂಖ್ಯೆಯಾಗಿಬಿಡುತ್ತದೆ. ಜಾವಾದ ಸ್ವಂತ ಲೈಬ್ರರಿಯಲ್ಲೇ ಈ ದೋಷ ವರ್ಷಗಟ್ಟಲೆ ಇತ್ತು, 2006ರಲ್ಲಿ ಬಹಿರಂಗವಾಗಿ ಚರ್ಚೆಗೆ ಬಂತು. ಎಡತುದಿಯ ಸ್ಥಾನಕ್ಕೆ ಎರಡು ತುದಿಗಳ ಅಂತರದ ಅರ್ಧ ಕೂಡಿಸಿದರೆ ಸಮಸ್ಯೆ ಇಲ್ಲ. ಈ ಪ್ರಶ್ನೆಗಳಲ್ಲಿ ಒಂದನ್ನಾದರೂ ನೀವೇ ಕೈಯಾರೆ ಪರೀಕ್ಷಿಸಿ ಬರೆದರೆ, ವಿಷಯ ಎಷ್ಟೇ ಹಳೆಯದಾಗಿದ್ದರೂ ಲೇಖನ ಹೊಸದು. ಒಂದನ್ನೂ ಕೇಳದಿದ್ದರೆ ಆ ಲೇಖನ ಬರೆಯುವ ಅಗತ್ಯವೇ ಇರಲಿಲ್ಲ. ಒಳ್ಳೆಯ ಮೂಲಕ್ಕೊಂದು ಲಿಂಕ್ ಕೊಟ್ಟಿದ್ದರೆ ಓದುಗರಿಗೆ ಹೆಚ್ಚು ಉಪಕಾರವಾಗುತ್ತಿತ್ತು.

ಬರೆದಾದ ಮೇಲೆ ಟ್ಯಾಬ್ ಮತ್ತೆ ತೆರೆದು ಹೋಲಿಸಿ. ತಪ್ಪು ಇದ್ದರೆ ತಿದ್ದಿಕೊಳ್ಳಿ. ಮೂಲದ ವಾಕ್ಯ ಅಷ್ಟು ಚೆನ್ನಾಗಿದೆ, ಬಿಡಲಾರೆ ಎನಿಸಿದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ, ಯಾರದು ಎಂದು ಹೇಳಿ.

ವೇರಿಯಬಲ್ ಹೆಸರು ಬದಲಿಸಿ ದಾಟಿಕೊಳ್ಳುವ ಯೋಚನೆ ಇದ್ದರೆ ಅದನ್ನು ಬಿಟ್ಟುಬಿಡಿ. ಕೋಡ್ ನಕಲು ಪತ್ತೆ ಮಾಡುವ ಸ್ಟ್ಯಾನ್‌ಫರ್ಡ್‌ನ ಮಾಸ್ ಎಂಬ ಸಾಫ್ಟ್‌ವೇರ್ 1994ರಿಂದಲೂ ಇದೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹುಟ್ಟಿದ, ಅದೇ ಕೆಲಸದ ಜೆಪ್ಲ್ಯಾಗ್ ಕೂಡ ತೊಂಬತ್ತರ ದಶಕದ್ದೇ. ಇವು ಹೆಸರು, ಕಮೆಂಟ್, ಖಾಲಿ ಜಾಗಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಕೋಡ್‌ನ ರಚನೆಯನ್ನೇ ಹೋಲಿಸುತ್ತವೆ. ಹೆಸರು ಬದಲಾದದ್ದು ಅವುಗಳ ಗಮನಕ್ಕೇ ಬರುವುದಿಲ್ಲ.

ಪ್ಯಾರಾಫ್ರೇಸ್ ಮಾಡಿಕೊಡುವ ಟೂಲ್‌ಗಳನ್ನಂತೂ ಮುಟ್ಟಲೇಬೇಡಿ. ಅವು ತಾಂತ್ರಿಕ ಪದಗಳನ್ನೂ ಬಿಡದೆ ಸಮಾನಾರ್ಥಕ ಪದ ತುರುಕುತ್ತವೆ, ಕೊನೆಗೆ ವಾಕ್ಯಕ್ಕೆ ಅರ್ಥವೇ ಉಳಿದಿರುವುದಿಲ್ಲ. ಬೇರೆ ಭಾಷೆಯ ಲೇಖನವನ್ನು ಅನುವಾದಿಸಿ ಸ್ವಂತದ್ದೆಂದು ಹಾಕುವುದೂ ಇದೇ ಸಾಲಿಗೆ ಸೇರುತ್ತದೆ. ಅನುವಾದ ದೊಡ್ಡ ಸೇವೆ, ಅದು ಬೇಕು. ಅನುಮತಿ ಪಡೆದು, ಇದು ಇಂಥವರ ಲೇಖನದ ಅನುವಾದ ಎಂದು ಮೇಲೆಯೇ ಹಾಕಿ ಮಾಡಿ.

ಹಂತ 4: ಪ್ರತಿ ಸಾಲನ್ನೂ ಓಡಿಸಿ ನೋಡಿ

ಓಡಿಸದ ಕೋಡ್ ಪ್ರಕಟಿಸಬಾರದು. ಪಿಎಚ್‌ಪಿ ಭಾಷೆಯಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸಲು ಇದ್ದ ಹಳೆಯ ಫಂಕ್ಷನ್‌ಗಳನ್ನು 2015ರ ಡಿಸೆಂಬರ್‌ನಲ್ಲಿ ಬಂದ 7.0 ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. ಹಾಗಿದ್ದರೂ ಅವನ್ನೇ ಬಳಸಿದ ಪಾಠಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲಾಗುತ್ತಲೇ ಬಂದವು. ಒಂದೇ ಒಂದು ಸಲ ಓಡಿಸಿ ನೋಡಿದ್ದರೆ ಎರರ್ ಕಣ್ಣಿಗೆ ಬೀಳುತ್ತಿತ್ತು. ಭಾಷೆಯ ಆವೃತ್ತಿ, ಲೈಬ್ರರಿಯ ಆವೃತ್ತಿ, ಪರೀಕ್ಷಿಸಿದ ದಿನಾಂಕ ಈ ಮೂರನ್ನೂ ಲೇಖನದ ಆರಂಭದಲ್ಲೇ ಹಾಕಿ.

ಎರರ್ ಹೋಗಲಾಡಿಸುವುದಕ್ಕೆಂದೇ ನಕಲಾಗುವ ಕೆಲವು ಸಾಲುಗಳಿವೆ: ಫೈಲ್ ಪರ್ಮಿಷನ್ 777 ಮಾಡುವುದು (ಯಾರು ಬೇಕಾದರೂ ಓದಿ, ಬದಲಿಸಿ, ಓಡಿಸುವಂತೆ ಬಿಡುವುದು), ಸಂಪರ್ಕದ ಆಚೆಬದಿ ನಿಜವಾದ ತಾಣವೇ ಎಂದು ನೋಡುವ ಎಸ್ಎಸ್ಎಲ್ ಸರ್ಟಿಫಿಕೇಟ್ ಪರಿಶೀಲನೆಯನ್ನೇ ಆಫ್ ಮಾಡುವುದು, ಬಳಕೆದಾರ ಟೈಪ್ ಮಾಡಿದ್ದನ್ನು ನೇರವಾಗಿ ಡೇಟಾಬೇಸ್‌ಗೆ ಕಳಿಸುವ ಎಸ್‌ಕ್ಯೂಎಲ್ ಪ್ರಶ್ನೆಗೆ ಅಂಟಿಸುವುದು. ಇವು ಕೆಲಸ ಮಾಡುತ್ತವೆ, ಅದೇ ಅಪಾಯ. ಇಂಥದ್ದು ನಿಮ್ಮ ಲೇಖನದಲ್ಲಿ ನುಸುಳಿದ್ದರೆ ತೆಗೆದುಹಾಕಿ.

ಎಐ ಬರೆದುಕೊಟ್ಟ ಕೋಡ್‌ಗೂ ಇದೇ ಪರೀಕ್ಷೆ, ಇನ್ನೂ ಬಿಗಿಯಾಗಿ. ಚಾಟ್‌ಜಿಪಿಟಿ ಬಿಡುಗಡೆಯಾದದ್ದು 2022ರ ನವೆಂಬರ್ 30ರಂದು; ಒಂದು ವಾರ ಕಳೆಯುವುದರೊಳಗೆ ಸ್ಟ್ಯಾಕ್ ಓವರ್‌ಫ್ಲೋ ಅದರ ಉತ್ತರಗಳನ್ನು ನಿಷೇಧಿಸಿತು. ಉತ್ತರಗಳು ನೋಡಲು ಸರಿಯಾಗಿ ಕಾಣುತ್ತವೆ, ತಪ್ಪಾಗಿರುವುದು ಮಾತ್ರ ಹೆಚ್ಚು, ಅವನ್ನು ಪರಿಶೀಲಿಸಲು ಸ್ವಯಂಸೇವಕರು ಸಾಲುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಎಐ ಕೆಲವೊಮ್ಮೆ ಇಲ್ಲದ ಪ್ಯಾಕೇಜ್‌ನ ಹೆಸರನ್ನೂ ಹೇಳುತ್ತದೆ; ಆ ಹೆಸರಿನಲ್ಲಿ ದುರುದ್ದೇಶದ ಪ್ಯಾಕೇಜ್ ನೋಂದಾಯಿಸಿಟ್ಟರೆ ನಿಮ್ಮ ಓದುಗರು ಅದನ್ನೇ ಇನ್‌ಸ್ಟಾಲ್ ಮಾಡಿಕೊಳ್ಳುತ್ತಾರೆ. ಎಐ ನೆರವು ಪಡೆದಿದ್ದರೆ ಎಲ್ಲಿ, ಎಷ್ಟು ಎಂದು ಹೇಳಿಬಿಡಿ. ನಿಮಗೆ ವಿವರಿಸಲು ಬಾರದ ಸಾಲು ಯಾರೇ ಬರೆದುಕೊಟ್ಟಿರಲಿ, ನಿಮ್ಮ ಲೇಖನದಲ್ಲಿ ಇರಕೂಡದು.

ಹಂತ 5: ಮೂಲವನ್ನು ತುಣುಕಿನ ಪಕ್ಕದಲ್ಲೇ ನಮೂದಿಸಿ

ಲೇಖನದ ತಳದಲ್ಲಿ 'ಕೃಪೆ: ಇಂಟರ್‌ನೆಟ್' ಎಂದು ಹಾಕುವುದು ಮೂಲ ಹೇಳಿದಂತೆ ಅಲ್ಲ, ಮರೆಮಾಚಿದಂತೆ. ಹತ್ತು ಲಿಂಕ್‌ಗಳನ್ನು ಕೊನೆಯಲ್ಲಿ ಸುರಿದರೂ ಯಾವ ಕೋಡ್ ಯಾವುದರದ್ದು ಎಂದು ಓದುಗರಿಗೆ ತಿಳಿಯುವುದಿಲ್ಲ. ತುಣುಕಿನ ಮೇಲಿನ ಕಮೆಂಟ್‌ನಲ್ಲೇ ನಾಲ್ಕು ವಿಷಯ ಇರಲಿ: ಯಾರು ಬರೆದದ್ದು, ಯಾವ ಲಿಂಕ್, ಯಾವ ಲೈಸೆನ್ಸ್, ನೀವು ಏನು ಬದಲಿಸಿದಿರಿ. ಕಮೆಂಟ್‌ನಲ್ಲಿದ್ದರೆ ಮುಂದೆ ನಿಮ್ಮಿಂದ ಕಾಪಿ ಮಾಡುವವರ ಜೊತೆಗೂ ಅದು ಹೋಗುತ್ತದೆ.

ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಇಡೀ ಪುಟದ ಲಿಂಕ್ ಬೇಡ. ಉತ್ತರದ ಕೆಳಗಿನ ಶೇರ್ ಒತ್ತಿ ಆ ಉತ್ತರದ ಲಿಂಕ್ ತೆಗೆದುಕೊಳ್ಳಿ. ಗಿಟ್‌ಹಬ್ ಫೈಲಿನ ಮಾಮೂಲಿ ಲಿಂಕ್ ನಾಳೆ ಬೇರೆ ಕೋಡ್ ತೋರಿಸಬಹುದು. ಫೈಲ್ ತೆರೆದಿರುವಾಗ ಕೀಬೋರ್ಡ್‌ನ ವೈ ಕೀ ಒತ್ತಿದರೆ ಆ ಕ್ಷಣದ ಕಮಿಟ್‌ಗೆ (ದಾಖಲಾದ ಆವೃತ್ತಿಗೆ) ಕಟ್ಟಿದ ಶಾಶ್ವತ ಲಿಂಕ್ ಸಿಗುತ್ತದೆ.

ಹಂತ 6: ನಿಮ್ಮದೇ ಕದ್ದರೆ

ಮೊದಲು ಕದ್ದ ಪುಟವನ್ನೂ ನಿಮ್ಮ ಪುಟವನ್ನೂ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಿ; ನಿಮ್ಮ ಪುಟದ ಹಳೆಯ ಪ್ರತಿ ಅಲ್ಲಿ ಆಗಲೇ ಇದ್ದರೆ ಯಾರದು ಮೊದಲು ಎಂಬುದಕ್ಕೆ ಅದೇ ಸಾಕ್ಷಿ. ಗಿಟ್ ಕಮಿಟ್‌ನ ದಿನಾಂಕವೊಂದನ್ನೇ ನಂಬಬೇಡಿ, ಅದನ್ನು ಯಾರು ಬೇಕಾದರೂ ಬದಲಿಸಬಹುದು. ಬಳಿಕ ಆ ವ್ಯಕ್ತಿಗೆ ನೇರವಾಗಿ, ಸಿಟ್ಟಿಲ್ಲದೆ ಬರೆಯಿರಿ: ಈ ಭಾಗ ನನ್ನದು, ಹೆಸರು ಮತ್ತು ಲಿಂಕ್ ಸೇರಿಸಿ ಅಥವಾ ತೆಗೆದುಹಾಕಿ. ಕಲಿಯುವ ಹಂತದವರಾದರೆ ಹೆಚ್ಚಿನವರು ಅಲ್ಲಿಗೇ ಸರಿಪಡಿಸುತ್ತಾರೆ. ಸಾರಾಸಗಟಾಗಿ ಎತ್ತಿ ಜಾಹೀರಾತು ಹಾಕಿ ದುಡ್ಡು ಮಾಡುವ ತಾಣವಾದರೆ ಉತ್ತರಕ್ಕೆ ಕಾಯುತ್ತ ಕೂರಬೇಡಿ. ಅಮೆರಿಕದ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾಯ್ದೆಯಡಿ ಅದನ್ನು ಹೋಸ್ಟ್ ಮಾಡಿದ ಕಂಪನಿಗೂ ಗೂಗಲ್ ಸರ್ಚ್‌ಗೂ ದೂರು ಕಳಿಸಬಹುದು. ಎರಡೂ ಲಿಂಕ್, ಕದ್ದ ಪ್ಯಾರಾ ಯಾವುದು ಎಂಬ ವಿವರ, ನಿಮ್ಮ ಸಹಿ ದೂರಿನಲ್ಲಿ ಇರಬೇಕು.

ದೂರು ನಿಮ್ಮ ಮೇಲೆಯೇ ಬಂದರೆ ಹಂತ 1ರ ಟೆಕ್ಸ್ಟ್ ಫೈಲ್ ತೆರೆಯಿರಿ. ಮೂಲ ಬಿಟ್ಟುಹೋಗಿದ್ದರೆ ಅದೇ ದಿನ ಸೇರಿಸಿ, ಏನು ಯಾವಾಗ ಸೇರಿಸಿದಿರಿ ಎಂಬುದನ್ನು ಲೇಖನದ ತಲೆಯಲ್ಲೇ ಬರೆಯಿರಿ, ದೂರು ಕೊಟ್ಟವರಿಗೂ ತಿಳಿಸಿ. ಲೇಖನವನ್ನು ಸದ್ದಿಲ್ಲದೆ ಅಳಿಸಬೇಡಿ. ಅದನ್ನು ಓದಿ ಕೋಡ್ ಒಯ್ದವರು ತಿದ್ದುಪಡಿ ಹುಡುಕಿಕೊಂಡು ಬರುವುದು ಅದೇ ಲಿಂಕ್‌ಗೆ.